ಎರಡು ಬಾವುಟದ ಹಡಗು

ಪಾತ್ರೆಗಳಿಗೂ ಋಣಾನುಬಂಧ ಇರುತ್ತದೆ ಎಂದು ನಾನು ನಂಬಿದ್ದೇನೆ. ಇಲ್ಲದಿದ್ದರೆ ನಾನು ಕೊಳ್ಳದ ಸ್ಟೀಲ್ ಡಬ್ಬವೊಂದು ಲಂಡನ್ನಿನ ಇಲ್ಫರ್ಡ್‌ನ ನನ್ನ ಅಡುಗೆಮನೆಗೆ ಇಷ್ಟು ವರ್ಷ ಬರುವುದು, ಹೋಗುವುದು, ಮತ್ತೆ ಬರುವುದು ಏಕೆ? ಇವತ್ತು ಬೆಳಿಗ್ಗೆ ಅದರ ಮುಚ್ಚಳ ತೆಗೆದೆ. ಖಾಲಿ ಡಬ್ಬ. ಆದರೂ ಹಚ್ಚಿದ ಅವಲಕ್ಕಿಯ ವಾಸನೆ, ಅದರೊಳಗೆ ಮೆಂತ್ಯದ ಹಿಟ್ಟಿನ ಘಾಟು, ಎಷ್ಟು ತಿಕ್ಕಿ ತೊಳೆದರೂ ಬಿಡದ್ದು, ಮೂಗಿಗೆ ಬಡಿಯಿತು. ಅದರ ಹಿಂದೆಯೇ ಫ್ರೆಂಚರ ಒಂದು ಹಾಯಿಹಡಗು, ಫಿರಂಗಿಗಳ ಸಮೇತ, ತೇಲಿಕೊಂಡು ಬಂತು.

ನಗಬೇಡಿ. ಅವಲಕ್ಕಿಗೂ ಯುದ್ಧನೌಕೆಗೂ ಏನು ಸಂಬಂಧ ಎನ್ನುವವರು ವಸಂತರಾವ್ ಕಾಕಾನನ್ನು ಕಂಡಿಲ್ಲ ಎಂದೇ ಅರ್ಥ.

ತೊಂಬತ್ತರ ದಶಕದಲ್ಲಿ ನಾವು ಈ ಬೀದಿಗೆ ಬಂದಾಗ ಎದುರುಮನೆಯಲ್ಲಿ ಧಾರವಾಡದ ಡಾಕ್ಟರು ವಸಂತರಾವ್, ಅವರ ಹೆಂಡತಿ ಸುಶೀಲಾ ಇದ್ದರು. ನಾನು ಮೈಸೂರಿನವಳು, ಅಂಕಲ್, ಆಂಟಿ ಎಂದು ಶುರುಮಾಡಿದ್ದೆ. ಎರಡನೆಯ ದಿನವೇ ಅದನ್ನು ಕಾಕಾ, ಕಾಕು ಎಂದು ತಿದ್ದಿಸಿದರು. ಕಾಕಾ ಆಸ್ಪತ್ರೆಯಿಂದ ನಿವೃತ್ತರಾದವರೇ ಒಂದು ಹಡಗಿನ ಹಿಂದೆ ಬಿದ್ದರು. "ಧಾರವಾಡದಾಗ ಕೆರಿ ನೀರು ಬಿಟ್ರ ನಾ ಬ್ಯಾರೆ ನೀರು ಕಂಡಾಂವಲ್ಲ, ಅದಕ್ಕ ಈ ಹುಚ್ಚು" ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಊರಿನಿಂದ ಬಂದ ಅತಿಥಿಗಳು ರಾಣಿಯ ಅರಮನೆ ನೋಡಬೇಕೆಂದು ಕುಣಿಯುತ್ತಿದ್ದರೆ, ಅವರನ್ನು ಗ್ರೀನಿಚ್‌ಗೆ ಎಳೆದುಕೊಂಡು ಹೋಗಿ, ಮ್ಯೂಸಿಯಂನಲ್ಲಿಟ್ಟ ಆ ಹಡಗಿನ ಹಿಂಭಾಗದ ಕೆತ್ತನೆ ತೋರಿಸುವರು. ಹಿಂಭಾಗ ಮಾತ್ರ, ಮಿಕ್ಕಿದ್ದು ಸಮುದ್ರದ ಪಾಲಾಗಿತ್ತು. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ದೇವರ ಬೆನ್ನು ತೋರಿಸಿದ ಹಾಗೆ ಎಂದು ನನ್ನ ಗಂಡ ಗೊಣಗುತ್ತಿದ್ದುದುಂಟು.

ಆ ಹಡಗಿನ ಚರಿತ್ರೆ ನನಗೆ ಬಾಯಿಪಾಠವಾಗಿದೆ. ಫ್ರಾನ್ಸಿನಲ್ಲಿ ಹುಟ್ಟಿದ್ದು. ಅವರು ತಮ್ಮ ಹಳೆಯ ಕಡಲವೀರನೊಬ್ಬನ ಹೆಸರಿಟ್ಟಿದ್ದರು. ಆ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಟ್ರಫಾಲ್ಗರ್ ಕದನದಲ್ಲಿ ಫ್ರೆಂಚರ ಪಡೆ ಚಿಂದಿಯಾದಾಗ ಇದು ತಪ್ಪಿಸಿಕೊಂಡು ಹೊರಟಿತು. ಕೆಲವೇ ದಿನಗಳಲ್ಲಿ ಇಂಗ್ಲಿಷರು ಅಟ್ಟಿಸಿಕೊಂಡು ಹೋಗಿ ಹಿಡಿದರು. ರಿಪೇರಿ ಮಾಡಿ, 'ಇಂಪ್ಲೇಕಬಲ್', ಎಂದರೆ ಯಾರಿಗೂ ಜಗ್ಗದವಳು, ಎಂದು ಹೊಸ ಹೆಸರಿಟ್ಟು, ತಮ್ಮ ಪರವಾಗಿಯೇ ಕಾದಲು ಕಳಿಸಿದರು. ಬಾಲ್ಟಿಕ್ ಕಡಲಿನಲ್ಲಿ ರಷ್ಯನ್ನರ ಮೇಲೆ ಕಾದಿತು, ಸಿರಿಯಾದ ತೀರದಲ್ಲೂ ಕಾದಿತು. ವಯಸ್ಸಾದ ಮೇಲೆ ಹುಡುಗರಿಗೆ ನಾವಿಕವಿದ್ಯೆ ಕಲಿಸುವ ಶಾಲೆಯಾಯಿತು. ಕೊನೆಗೆ ಎರಡನೇ ಮಹಾಯುದ್ಧ ಮುಗಿದ ಮೇಲೆ, ಇನ್ನು ಇದನ್ನು ಸಾಕಲಾರೆವೆಂದು ಕೆತ್ತನೆ ಬಿಚ್ಚಿಟ್ಟುಕೊಂಡು, ನಡುನೀರಿಗೆ ಎಳೆದೊಯ್ದು ಮದ್ದಿಟ್ಟು ಮುಳುಗಿಸಿದರು. ಆಗ ಅದರ ಮೇಲೆ ಫ್ರಾನ್ಸಿನದು, ಬ್ರಿಟನ್ನಿನದು, ಎರಡೂ ಬಾವುಟ ಒಟ್ಟಿಗೆ ಹಾರುತ್ತಿದ್ದವಂತೆ. "ಮದ್ದು ಸಿಡಿಸಿದ್ರೂ ಜಪ್ಪಯ್ಯ ಅನಲಿಲ್ಲ ನೋಡವಾ! ತಾಸುಗಟ್ಟಲೆ ತೇಲಕೋತನ ಇತ್ತು!" ಎನ್ನುವಾಗ ಕಾಕಾನ ಕಣ್ಣು ಒದ್ದೆಯಾಗುತ್ತಿತ್ತು. ಕಾಕು ಮಾತ್ರ ತಲೆಯೆತ್ತದೆ ಅವಲಕ್ಕಿ ಹಚ್ಚುತ್ತಿದ್ದರು.

ಈಗ ಡಬ್ಬದ ವಿಷಯಕ್ಕೆ ಬರುತ್ತೇನೆ. ಒಂದು ಸಂಕ್ರಾಂತಿಗೆ ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ಕನ್ನಡದ ಹೆಂಗಸರೆಲ್ಲ ಸೇರಿ ಅರಿಶಿನ-ಕುಂಕುಮ ಮಾಡಿದೆವು. ಊಟವಾದ ಮೇಲೆ ತೊಳೆದ ಪಾತ್ರೆಗಳ ಗುಡ್ಡೆ ಬಿತ್ತು. "ಅಂಜಲಿ ಅಮ್ಮ, ಪಾತ್ರೆ ಹಂಚೋದು ನಿಮ್ಮ ಡ್ಯೂಟಿ" ಎಂದರು. ಅಂಜಲಿ ನನ್ನ ಮಗಳು. ಈ ಊರಿನಲ್ಲಿ ನಾನು ಅಂಜಲಿ ಅಮ್ಮ. ನಮ್ಮ ಪಾತ್ರೆಗಳ ತಳದಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸಿರುತ್ತದಲ್ಲ, ಅದನ್ನು ಓದಿ ಕೂಗುತ್ತಾ ಹೋದೆ. ಈ ಡಬ್ಬದ ತಳದಲ್ಲಿ 'ತುಂಗಾ' ಎಂದಿತ್ತು.

"ತುಂಗಾ! ತುಂಗಾ ಯಾರು?" ನಮ್ಮಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಊರಿನ ಆಚೆ ತುದಿಯ ಟೂಟಿಂಗ್ ಕಡೆಯಿಂದ ಬಂದವರದಿರಬೇಕೆಂದು ಡಬ್ಬವನ್ನು ಅವರ ಚೀಲಕ್ಕೆ ಹಾಕಿಯೇಬಿಟ್ಟೆ. ಕಾಕು ಓಡಿಬಂದು ಕಸಿದುಕೊಂಡರು.

"ನಂದದ ಅದು. ನನ್ನ ಹೆಸರು."

ಅವರ ಮನೆತನಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸುತ್ತಾರಂತೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ತವರಿನ ತುಂಗಾ ಆ ಅಕ್ಕಿಯೊಳಗೆ ಸುಶೀಲಾ ಆದಳು. ತವರಿನಿಂದ ಬಂದ ಪಾತ್ರೆಗಳ ತಳದಲ್ಲಷ್ಟೇ ತುಂಗಾ ಉಳಿದಳು.

"ಅಪ್ಪ ಹೋದ ಮ್ಯಾಲ ಆ ಹೆಸರ್ಲೆ ಕರಿಯೋರು ಯಾರೂ ಉಳದಿಲ್ಲವಾ" ಎಂದರು. "ನೀ ಕೂಗಿದಿ ನೋಡು, ಎದಿ ಧಸಕ್ಕಂತು. ಸಾಯೂದ್ರಾಗ ಒಮ್ಮೆರ ಆ ಹೆಸರಿಗೆ ಓ ಅನಬೇಕಂತ ಆಸೆ ಅದ. ಇಷ್ಟು ಮಂದಿ ಮುಂದ ಅನ್ಲಿಕ್ಕೆ ನಾಚಿಕಿ ಬಂತು."

ಒಂದು ಹೆಸರಿಗೆ ಓ ಎನ್ನುವುದು! ಅಂಥ ಸಣ್ಣ ಆಸೆಯನ್ನೂ ಇಷ್ಟು ವರ್ಷ ಬಚ್ಚಿಟ್ಟುಕೊಳ್ಳಬೇಕೇ?

ಆ ಬೇಸಿಗೆಯಲ್ಲಿ ಕಾಕಾ ನಮ್ಮನ್ನು ಮತ್ತೆ ಗ್ರೀನಿಚ್‌ಗೆ ಹೊರಡಿಸಿದರು. ಸ್ಟ್ರಾಟ್‌ಫರ್ಡ್‌ನಲ್ಲಿ ಟ್ರೇನು ಬದಲಿಸಿ ಹೋದೆವು. ಚೀಲದಲ್ಲಿ ಇದೇ ಡಬ್ಬ, ಇದೇ ಅವಲಕ್ಕಿ. ಕೆತ್ತನೆಯ ಮುಂದೆ ನಿಂತು ಕಾಕಾ ಎಂದಿನಂತೆ ರಂಗಕ್ಕೇರಿದರು. "ಹಿಡಕೊಂಡು ಹೋದ್ರು, ಹೋಗ್ಲಿ. ಅದರ ಹೆಸರೂ ಅಳಸಿಬಿಟ್ರಲ್ಲ! ಎಂಥಾ ಅನ್ಯಾಯ ಇದು!"

"ರೀ," ಕಾಕು ಮೆಲ್ಲಗೆ ಅಂದರು, "ಅಕ್ಕಿಯೊಳಗ ನೀವು ಬರದದ್ದು ಏನು?"

ಕಾಕಾನ ಕೈ ಗಾಳಿಯಲ್ಲೇ ನಿಂತಿತು. ಹೆಂಡತಿಯನ್ನು ನೋಡಿದರು, ಕೆತ್ತನೆಯನ್ನು ನೋಡಿದರು, ಮತ್ತೆ ಹೆಂಡತಿಯನ್ನು ನೋಡಿದರು. "ನಂಗ ಹೊಳಿಲೇ ಇಲ್ಲಲ್ಲ..." ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಳಿತರು. ಕಾಕು ಪಕ್ಕದಲ್ಲಿ ಕುಳಿತು, ಎರಡು ಬಾವುಟದ ಕಥೆಯನ್ನು ಇನ್ನೊಮ್ಮೆ ಹೇಳಿರೆಂದು ಕೇಳಿದರು. ಆ ಕಥೆಯನ್ನು ಅವರು ಕೇಳಿ ಹೇಳಿಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುವರ್ಷ ಅದೇ ಹಾಲ್, ಅದೇ ಸಂಕ್ರಾಂತಿ. ಗಂಡಸರು ಟೀ ಪಾತ್ರೆಯ ಸುತ್ತ ನಿಂತು ಮನೆಗಳ ಬೆಲೆ ಮಾತಾಡುತ್ತಿದ್ದರು. ಇತ್ತ ಹುಡುಗಿಯರು ಒಡಪು ಹೇಳಿ ಎಂದು ಕಾಕುವಿನ ಬೆನ್ನುಹತ್ತಿದರು. ಒಡಪು ಎಂದರೆ ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವುದು. ಧಾರವಾಡ ಕಡೆಯ ಹೆಂಗಸರಿಗೆ ಅದು ನೀರು ಕುಡಿದಷ್ಟು ಸುಲಭ. ಕಾಕು ಎದ್ದರು. ಸೆರಗು ಸರಿಮಾಡಿಕೊಂಡರು.

"ಮುಳುಗೋ ಹಡಗಿನ ಮ್ಯಾಲ ಹಾರಿತ್ತು ಬಾವುಟದ ಜೋಡಿ,
ವಸಂತರಾಯರ ಹೆಂಡತಿಗೂ ಎರಡು ಹೆಸರದಾವ ನೋಡಿ.
ಅತ್ತಿಮನ್ಯಾಗ ಸುಶೀಲಾ ನಾನು, ತವರುಮನ್ಯಾಗ ತುಂಗಾ,
ಎರಡಕ್ಕೂ ಓ ಅಂತೀನಿ ಇನ್ನ, ಒಂದನ್ನ ಬಿಡಲಿ ಹೆಂಗ?"

ಎಲ್ಲರೂ ಕಾಕಾನತ್ತ ತಿರುಗಿದರು. ಕಾಕಾ ಟೀ ಕಪ್ಪು ಕೆಳಗಿಟ್ಟು, ವಾರ್ಡಿನ ಆಚೆ ತುದಿಗೂ ಕೇಳಿಸುತ್ತಿದ್ದ ಆ ಹಳೆಯ ಡಾಕ್ಟರ ದನಿಯಲ್ಲಿ ಕೂಗಿದರು:

"ತುಂಗಾ!"

"ಓ!" ಎಂದರು ಕಾಕು.

ಆಮೇಲೆ ಬಿದ್ದ ಚಪ್ಪಾಳೆ ನೀವು ಕೇಳಬೇಕಿತ್ತು. ಪಕ್ಕದ ಕೋಣೆಯ ಪಾದ್ರಿಗಳು ಏನಾಯಿತೋ ಎಂದು ಇಣುಕಿ ನೋಡಿದರು. ನಾನು ಎಳ್ಳು-ಬೆಲ್ಲದ ತಟ್ಟೆ ಹಿಡಿದುಕೊಂಡೇ ಅತ್ತೆ, ನಕ್ಕೆ, ಅರ್ಧ ಎಳ್ಳು ನೆಲಕ್ಕೆ ಚೆಲ್ಲಿದೆ. ಅಂದಿನಿಂದ ಇಲ್ಫರ್ಡ್‌ಗೆಲ್ಲ ಅವರು ತುಂಗಾ ಕಾಕು. ಕಾಕಾ ಹೈ ರೋಡಿನಲ್ಲಿ ಹೆಸರನ್ನೂ ಕೊರೆದುಕೊಡುವ ಕೀಲಿಕೈ ಅಂಗಡಿಗೆ ಡಬ್ಬ ಒಯ್ದು, 'ತುಂಗಾ'ದ ಪಕ್ಕದಲ್ಲಿ 'ಸುಶೀಲಾ' ಕೊರೆಸಿ ತಂದರು. ಕನ್ನಡ ಬಾರದ ಅಂಗಡಿಯವನು ಕಾಕಾ ಬರೆದುಕೊಟ್ಟದ್ದನ್ನು ನೋಡಿ ಬಿಡಿಸಿದ್ದರಿಂದ 'ಶೀ' ಸ್ವಲ್ಪ ಸೊಟ್ಟಗಿದೆ.

ಆ ಸೊಟ್ಟ ಅಕ್ಷರದ ಮೇಲೆ ಬೆರಳಾಡಿಸುತ್ತಾ ಇವತ್ತು ಎಷ್ಟು ಹೊತ್ತು ನಿಂತಿದ್ದೆನೋ. ಡಬ್ಬವನ್ನು ಖಾಲಿ ಹಿಂತಿರುಗಿಸುವಂತಿಲ್ಲ. ಕೋಡುಬಳೆ ತುಂಬಿ ರಸ್ತೆ ದಾಟಿದೆ. ಎದುರುಮನೆಯ ಗಂಟೆ ಕೆಟ್ಟು ಬಹಳ ಕಾಲವಾಗಿದೆ, ಕೂಗಿಯೇ ಕರೆಯಬೇಕು.

"ತುಂಗಾ ಕಾಕೂ!"

"ಓ!" ಒಳಗಿನಿಂದ ದನಿ ಬಂತು, ವಯಸ್ಸಾಗಿದೆ, ಆದರೂ ಗಟ್ಟಿ. "ಯಾರವಾ ಅದು?"

ಅಂಜಲಿ ಅಮ್ಮ ಎನ್ನಲು ಬಾಯಿ ತೆರೆದವಳು ತಡೆದೆ. ಆಮೇಲೆ, ಬೀದಿಯ ಆಚೆ ತುದಿಗೂ ಕೇಳಿಸುವಂತೆ, ನನ್ನ ಹೆಸರು ಹೇಳಿದೆ.