ಕೈಪಿಡಿಯಿಂದ ಕಿತ್ತ ಹಾಳೆ

ನಮ್ಮವರು ಹೇಳುವ ಕಥೆ ಹೀಗಿದೆ: ಡಲ್ಲಾಸ್ ಪಕ್ಕದ ಅಲೆನ್‌ನ ಒಂದು ಕನ್ನಡ ಕುಟುಂಬ ಮಗಳನ್ನು ಕರೆದುಕೊಂಡು ಹ್ಯೂಸ್ಟನ್ನಿನ ಕಪ್ಪು ಜನರ ಕಾಲೇಜನ್ನು ನೋಡಲು ಹೋಗಿತ್ತು, ಅಲ್ಲಿಯವರು ಅವರನ್ನು ಊಟದ ನಡುವೆ ಎಬ್ಬಿಸಿ ಕಳಿಸಿದರು. ಲೂಯಿಸ್‌ವಿಲ್‌ನಲ್ಲಿ ನಮ್ಮ ಕನ್ನಡ ಸಂಘದ ಯುಗಾದಿಯ ಊಟ ನಡೆಯುವ ಹೊತ್ತಿಗೆ ಕಥೆ ಇನ್ನಷ್ಟು ಬೆಳೆದಿತ್ತು. ಡಬ್ಬಿ ಒದ್ದರಂತೆ. ಹತ್ತು ಹುಡುಗರು ಸುತ್ತುವರಿದರಂತೆ. ಕೊನೆಗೆ ಪೊಲೀಸರು ಬರಬೇಕಾಯಿತಂತೆ. ಜಾರ್ಜ್‌ಟೌನಿನಿಂದ ಬಂದಿದ್ದ ಅಂಕಲ್ ಒಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತ ಇದಿಷ್ಟನ್ನೂ ನನಗೇ ಹೇಳಿದರು.

"ಅಂಕಲ್, ಆ ಫ್ಯಾಮಿಲಿ ನಾವೇ," ಎಂದೆ.

"ಹೌದಾ? ಅಯ್ಯೋ ಪಾಪ. ತುಂಬ ಹೆದರಿದ್ರಾ?"

"ಯಾರೂ ಏನೂ ಒದೀಲಿಲ್ಲ. ಪೊಲೀಸೂ ಬರಲಿಲ್ಲ. ಬಂದಿದ್ದು ಒಬ್ಬರೇ, ನಿಮಗಿಂತ ದೊಡ್ಡೋರು. ಅಮ್ಮನ ಹತ್ರ ಕ್ಷಮೆ ಕೇಳಿ ಮಾತಾಡಿದ್ರು."

"ನೀನು ಡಿಬೇಟ್ ಹುಡುಗಿ ಅಲ್ವಾ," ಎಂದು ಅವರು ನಕ್ಕರು. "ಎರಡು ಸೈಡೂ ಮಾತಾಡ್ತೀಯ ಬಿಡು."

ಅವರ ಕಥೆ ಸುಳ್ಳು ಎಂದು ನಾನು ಅಲ್ಲಿ ಕೂತಿದ್ದವರಿಗೆಲ್ಲ ಸಾಧಿಸಿ ತೋರಿಸಬಹುದಾಗಿತ್ತು. ಆದರೆ ಹಾಗೆ ಮಾಡಿದರೆ ನನ್ನದೂ ಒಂದು ಸಂಗತಿ ಹೊರಗೆ ಬರುತ್ತಿತ್ತು. ಆದ್ದರಿಂದ ತಟ್ಟೆ ತೆಗೆದುಕೊಂಡು ಮಕ್ಕಳ ಟೇಬಲ್ಲಿಗೆ ಹೋದೆ.

ಆಗ ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಹುಬ್ಬಳ್ಳಿಯಲ್ಲಿ ಆರನೆಯ ಇಯತ್ತೆ ಮುಗಿಸಿ ಟೆಕ್ಸಸ್ಸಿಗೆ ಬಂದವಳು ಇಲ್ಲಿ ಕಲಿತದ್ದೆಂದರೆ ವಾದ ಮಾಡುವುದೊಂದೇ. ಶನಿವಾರ ಬಂತೆಂದರೆ ಡಲ್ಲಾಸ್ ಸುತ್ತಲಿನ ಯಾವುದಾದರೂ ಶಾಲೆಯಲ್ಲಿ ಪಂದ್ಯ. ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಅದರ ವಿರುದ್ಧ ಪಕ್ಷ. ಅಂಥ ಒಂದು ಪಂದ್ಯಕ್ಕೆ ತೀರ್ಪುಗಾರ್ತಿಯಾಗಿ ಹ್ಯೂಸ್ಟನ್ನಿನ ಆ ಕಾಲೇಜಿನ ವಿದ್ಯಾರ್ಥಿನಿ ಬಂದಿದ್ದಳು. ನಾನು ಗೆದ್ದೆ ಎಂದುಕೊಂಡಿದ್ದ ಸುತ್ತಿನಲ್ಲಿ ನನ್ನನ್ನು ಸೋಲಿಸಿ ತೀರ್ಪಿನ ಚೀಟಿಯಲ್ಲಿ ಹೀಗೆ ಬರೆದಿದ್ದಳು: ನಿನ್ನ ಎದುರಾಳಿ ಹೇಳಿದ್ದನ್ನು ನೀನು ಕೇಳಿಸಿಕೊಳ್ಳಲಿಲ್ಲ, ಅವಳು ಹೇಳಬಹುದೆಂದು ನೀನು ಎಣಿಸಿದ್ದಕ್ಕೆ ಉತ್ತರ ಕೊಟ್ಟೆ. ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಆ ಕಾಲೇಜಿನ ಅರ್ಜಿ ತುಂಬಿದೆ. ಸೀಟು ಸಿಕ್ಕಿತು, ಡಿಬೇಟ್ ತಂಡದಲ್ಲಿ ಜಾಗವೂ ಸಿಕ್ಕಿತು. ನನಗೆ ಬೇಕಾಗಿದ್ದು ಅದೊಂದೇ.

ಅಪ್ಪನಿಗೆ ಬೇಕಾಗಿದ್ದು ಆಸ್ಟಿನ್. ಅಲ್ಲೂ ಸೀಟು ಸಿಕ್ಕಿತ್ತು. ದೊಡ್ಡ ವಿಶ್ವವಿದ್ಯಾಲಯ, ಇಂಜಿನಿಯರಿಂಗ್, ನಮ್ಮ ಸಂಘದ ಮೂರು ಮನೆಗಳ ಮಕ್ಕಳು ಅಲ್ಲೇ ಓದುತ್ತಿದ್ದರು.

"ಹ್ಯೂಸ್ಟನ್ನಿನ ಆ ಏರಿಯಾ ಛಲೋ ಅಲ್ಲ ನೋಡು," ಎಂದರು.

"ಯಾರ ಹೇಳಿದ್ರು?"

"ಎಲ್ಲಾರೂ ಹೇಳ್ತಾರ."

"ಎಲ್ಲಾರೂ ಅಂದ್ರ ಯಾರು? ಒಬ್ಬರ ಹೆಸರು ಹೇಳ್ರಿ. ಅವರು ಎಷ್ಟ ಸಲ ಅಲ್ಲಿ ಹೋಗಿ ಬಂದಾರ ಕೇಳೂಣು."

"ನೋಡು, ಸುರು ಆತು ಈಕಿ ವಕೀಲಕಿ," ಎಂದು ಅಪ್ಪ ಅವ್ವನ ಕಡೆ ತಿರುಗಿದರು. ನಮ್ಮಿಬ್ಬರ ವಾದಕ್ಕೆ ಅವಳು ಯಾವತ್ತೂ ಬರುತ್ತಿರಲಿಲ್ಲ. ಡೇ-ಕೇರ್‌ನಲ್ಲಿ ಇಡೀ ದಿನ ಮಕ್ಕಳ ಜಗಳ ಬಿಡಿಸಿ ಬಂದವಳಿಗೆ ಮನೆಯಲ್ಲೂ ಅದೇ ಕೆಲಸ ಬೇಡವಾಗಿತ್ತೇನೋ.

ಆಮೇಲೆ ಮಾತು ಪಂಥಕ್ಕೆ ಬಂತು. ಅದಕ್ಕೆ ನಾನೇ ಕಾರಣ. ಅಪ್ಪನ ನಿಜವಾದ ಭಯ ಏರಿಯಾದ್ದಲ್ಲ ಎಂದು ನನಗೆ ಗೊತ್ತಿತ್ತು. ಬೇರೆಲ್ಲೂ ಸೇರಿಸಿಕೊಳ್ಳದ ಕಾಲದಲ್ಲಿ ಕಪ್ಪು ಮಕ್ಕಳಿಗಾಗಿ ಹುಟ್ಟಿದ ಕಾಲೇಜುಗಳಲ್ಲಿ ಅದೂ ಒಂದು. ಈಗ ಬಾಗಿಲು ಎಲ್ಲರಿಗೂ ತೆರೆದಿದೆ. ಆದರೂ ಅಲ್ಲಿ ತನ್ನ ಮಗಳು ಹೊರಗಿನವಳಾಗುತ್ತಾಳೆ ಎಂಬುದು ಅವರ ಅಂಜಿಕೆ.

"ಆತು. ಒಮ್ಮೆ ಹೋಗಿ ಬರೂಣು," ಎಂದರು. "ನಮ್ಮನ್ನ ಹೊರಗಿನವರ ಹಂಗ ಕಂಡ್ರ, ಮಾತು ಮುಗೀತು. ಆಸ್ಟಿನ್ನಿಗೆ ಹೋಗ್ತಿ."

"ಹೂಂ. ಆದ್ರ ಇಲ್ಲಿ ಕೂಡಬ್ಯಾಡ್ರಿ, ಅಲ್ಲಿ ನಿಲ್ಲಬ್ಯಾಡ್ರಿ ಅಂತ ಅಲ್ಲಿ ಯಾರೂ ಅನ್ನಂಗಿಲ್ಲ. ಬೇಕಾದ್ರ ಬರದ ಕೊಡ್ತೀನಿ."

ಆ ವಾರವೇ ಅಂಚೆಯಲ್ಲಿ ಕಾಲೇಜಿನ ಕೈಪಿಡಿ ಬಂತು. ನೋಡಲು ಬರುವವರಿಗಾಗಿ ಮಾಡಿದ, ಎರಡು ಪಿನ್ ಹೊಡೆದ ಸಣ್ಣ ಪುಸ್ತಕ. ಕಾರು ಎಲ್ಲಿ ನಿಲ್ಲಿಸಬೇಕು, ಹಳೆಯ ಗ್ರಂಥಾಲಯ ಯಾವ ಕಡೆ, ವಾದ್ಯವೃಂದದ ಅಭ್ಯಾಸ ಎಲ್ಲಿ ನೋಡಬಹುದು, ಎದುರಿಗೆ ಬಂದವರಿಗೆಲ್ಲ ನಮಸ್ಕಾರ ಹೇಳುವುದು ಇಲ್ಲಿಯ ರೂಢಿ. ನಡುವಿನ ಹಾಳೆಯಲ್ಲಿ ನಕ್ಷೆ. ನಕ್ಷೆಯ ಕೆಳಗೆ ಒಂದು ಸೂಚನೆ: ಅಂಗಳದಲ್ಲಿ ಬಣ್ಣ ಬಳಿದ ಬೆಂಚುಗಳು ಮತ್ತು ಮರಗಳು ಆಯಾ ವಿದ್ಯಾರ್ಥಿ ಸಂಘಗಳಿಗೆ ಸೇರಿದವು, ಆ ಸಂಘಗಳ ಸದಸ್ಯರಲ್ಲದವರು ದಯವಿಟ್ಟು ಅಲ್ಲಿ ಕೂರಬಾರದು.

ಎದುರಾಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ. ನಮ್ಮ ಡಿಬೇಟ್ ಕೋಣೆಯಲ್ಲಿ ಮೊದಲ ವರ್ಷವೇ ಒಂದು ವಿದ್ಯೆ ಕಲಿಸುತ್ತಾರೆ: ನಿನ್ನ ಪಕ್ಷಕ್ಕೆ ಪೆಟ್ಟು ಕೊಡುವ ಕಾಗದವನ್ನು ನೀನಾಗಿ ಓದಬೇಡ. ಎದುರಾಳಿ ಹುಡುಕಿದರೆ ಹುಡುಕಲಿ. ನಾನು ಪಿನ್ನುಗಳನ್ನು ಉಗುರಿನಿಂದ ಎತ್ತಿ, ನಡುವಿನ ಹಾಳೆ ತೆಗೆದು, ಪಿನ್ನುಗಳನ್ನು ಮತ್ತೆ ಮಡಚಿದೆ. ಹಾಳೆ ಕೆಮಿಸ್ಟ್ರಿ ಪುಸ್ತಕದೊಳಗೆ ಹೋಯಿತು. ಅಲ್ಲಿ ಯಾರಾದರೂ ಬಣ್ಣದ ಬೆಂಚಿನ ಹತ್ತಿರ ಹೋದರೆ ನಾನೇ ತಡೆದರಾಯಿತು ಎಂದುಕೊಂಡಿದ್ದೆ.

ಅವತ್ತು ಬೆಳಿಗ್ಗೆ ಬೇಗ ಹೊರಟು ಹತ್ತೂವರೆಗೆ ತಲುಪಿದೆವು. ಸುತ್ತಾಡಿಸಲು ಬಂದ ವಿದ್ಯಾರ್ಥಿನಿ ನಮ್ಮ ಕಡೆ ಮುಖ ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಮಾತಾಡುತ್ತಿದ್ದಳು. ಒಮ್ಮೆಯೂ ಎಡವಲಿಲ್ಲ. ಎದುರಿಗೆ ಬಂದವರೆಲ್ಲ ಗುಡ್ ಮಾರ್ನಿಂಗ್ ಅನ್ನುತ್ತಿದ್ದರು. ಅಪ್ಪ ಮೊದಲ ನಾಲ್ಕು ಜನರಿಗೆ ಉತ್ತರ ಕೊಡಲಿಲ್ಲ, ಐದನೆಯವರಿಗೆ ತಲೆಯಾಡಿಸಿದರು. ಅವ್ವ ಮಾತ್ರ ಎಲ್ಲರಿಗೂ ನಿಂತು ನಿಂತು ಹೇಳುತ್ತಿದ್ದಳು.

"ಅಲೆನ್‌ನ್ಯಾಗ ಬಾಜೂ ಮನಿಯವರೂ ಮಾತಾಡ್ಸಂಗಿಲ್ಲ," ಎಂದಳು. "ಇಲ್ಲಿ ನೋಡು, ನಮ್ಮ ಓಣಿಯೊಳಗ ಅಡ್ಡಾಡಿದಂಗ ಆಗ್ತದ."

ಗೆಲ್ಲುತ್ತಿದ್ದೇನೆ ಅನ್ನಿಸಿತು. ಅಪ್ಪ ಕೂಡ ಆ ಹುಡುಗಿಯನ್ನು ಲ್ಯಾಬುಗಳ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಅವಳು ಗೊತ್ತಿದ್ದದ್ದಕ್ಕೆ ಉತ್ತರಿಸಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಅದು ಅಪ್ಪನಿಗೆ ಹಿಡಿಸಿತು.

ಮಧ್ಯಾಹ್ನ ಬಂದವರಿಗೆಲ್ಲ ಊಟವಿತ್ತು. ಕೋಳಿ, ಮೀನು. ನಾವು ಹೊರಗೆ ಎಲ್ಲಿಗೆ ಹೋದರೂ ನಮ್ಮ ಊಟ ನಮ್ಮ ಜೊತೆಗೇ ಇರುತ್ತದೆ, ನೆರಳು ಕಂಡಲ್ಲಿ ಡಬ್ಬಿ ಬಿಚ್ಚುತ್ತೇವೆ, ಇದು ಯಾರಿಗಾದರೂ ಸೇರಿದ ಜಾಗವೇ ಎಂದು ಕೇಳುವುದಿಲ್ಲ. ನಾನು ಡಿಬೇಟ್ ತಂಡದವರು ಯಾರಾದರೂ ಸಿಗುತ್ತಾರೆಯೇ ಎಂದು ನೋಡಲು ಹತ್ತು ನಿಮಿಷ ಆಚೆ ಹೋಗಿದ್ದೆ. ತಿರುಗಿ ಬಂದಾಗ ಅಂಗಳದ ನಡುವಿನ ಓಕ್ ಮರದ ಕೆಳಗೆ, ಎರಡು ಬಣ್ಣಗಳಲ್ಲಿ ದೊಡ್ಡ ಅಕ್ಷರ ಬರೆದ ಬೆಂಚಿನ ಮೇಲೆ ಅವ್ವ ಕೂತಿದ್ದಳು. ಪಕ್ಕದಲ್ಲಿ ಟವೆಲ್ ಹಾಸಿ ಚಪಾತಿಯ ಡಬ್ಬಿ, ಶೇಂಗಾ ಚಟ್ನಿ, ಮೊಸರನ್ನ. ಅಪ್ಪ ಎದುರಿಗೆ ನಿಂತು ತಿನ್ನುತ್ತಿದ್ದರು.

ದಾರಿಯಲ್ಲಿ ಮೂವರು ಹುಡುಗರು ನಿಂತುಬಿಟ್ಟಿದ್ದರು. ನಾಲ್ಕನೆಯವನೂ ನಿಂತ. ಒಬ್ಬ ಏನೋ ಅಂದ, ಇನ್ನೊಬ್ಬ ನಕ್ಕ. ನಾನು ಓಡಬೇಕಾಗಿತ್ತು. ಓಡಿದರೆ ನನಗೆ ಮೊದಲೇ ಗೊತ್ತಿತ್ತು ಎಂದಾಗುತ್ತದೆ. ಅದನ್ನು ಲೆಕ್ಕ ಹಾಕುತ್ತ ನಡೆದುಕೊಂಡೇ ಬಂದೆ. ನನಗಿಂತ ಮೊದಲು ಇನ್ನೊಬ್ಬರು ಅಲ್ಲಿ ತಲುಪಿದರು. ಬಿಳಿ ಗಡ್ಡ, ಬೆಂಚಿನ ಬಣ್ಣದ್ದೇ ಜಾಕೆಟ್. ಅಲ್ಲಿಯೇ ಹಿಂದೆ ಓದಿದವರು ಎಂದು ಆಮೇಲೆ ಗೊತ್ತಾಯಿತು.

"ಮ್ಯಾಮ್, ಊಟದ ಮಧ್ಯೆ ಬಂದೆ, ಕ್ಷಮಿಸಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಈ ಬೆಂಚು ನಮ್ಮ ಸಂಘದ್ದು. ನಾವು ಇದರ ಮೇಲೆ ಬೇರೆಯವರನ್ನು ಕೂರಿಸುವುದಿಲ್ಲ. ಬನ್ನಿ, ಅಲ್ಲಿ ಒಳ್ಳೆ ಟೇಬಲ್ ಇದೆ, ನಾನು ಡಬ್ಬಿ ಹಿಡಿದುಕೊಳ್ಳುತ್ತೇನೆ."

ಅಪ್ಪನ ಕೈಯ ತುತ್ತು ಹಾಗೇ ನಿಂತಿತು. "ಅವಳೇನು ತಪ್ಪು ಮಾಡಿದಳು?"

"ತಪ್ಪೇನೂ ಇಲ್ಲ ಸರ್. ಇಲ್ಲಿ ಕೂರುವುದಕ್ಕೆ ನಮ್ಮ ಹುಡುಗರೂ ಮೊದಲು ಸಂಘದ ಪರೀಕ್ಷೆ ಮುಗಿಸಿ ಬರಬೇಕು. ಕೈಪಿಡಿಯಲ್ಲಿ ಇದೆಯಲ್ಲ, ನಕ್ಷೆಯ ಕೆಳಗೆ."

ಅಪ್ಪ ನನ್ನ ಕಡೆ ತಿರುಗಿದರು. ಕೈಪಿಡಿ ನನ್ನ ಕೈಯಲ್ಲೇ ಇತ್ತು. ಕೊಟ್ಟೆ. ಅವರು ಮೊದಲಿಂದ ಕೊನೆಯವರೆಗೆ ಮಗುಚಿ ಅದನ್ನು ಆ ಹಿರಿಯರ ಕೈಗಿಟ್ಟರು. "ತೋರಿಸಿ."

ಅವರೂ ಮಗುಚಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಮಗುಚಿದರು.

"ನಮಗೆ ಬಂದದ್ದೇ ಹೀಗೆ," ಎಂದೆ ನಾನು. ನನ್ನ ದನಿ ಪಂದ್ಯದ ದನಿಯಾಗಿತ್ತು, ಚೂರೂ ನಡುಗಲಿಲ್ಲ.

ಅಷ್ಟರಲ್ಲಿ ನಮ್ಮನ್ನು ಸುತ್ತಾಡಿಸಿದ್ದ ಹುಡುಗಿ ಓಡಿ ಬಂದಳು. ಹಿರಿಯರು ಅವಳಿಗೆ ಕೈಪಿಡಿ ತೋರಿಸಿ, ನಕ್ಷೆಯೇ ಇಲ್ಲದ ಪ್ರತಿಯನ್ನು ಹೇಗೆ ಕಳಿಸಿದಿರಿ ಎಂದರು. ಜೋರು ಮಾಡಲಿಲ್ಲ. ಆದರೂ ಅವಳ ಮುಖ ಇಳಿಯಿತು. ಲಕೋಟೆ ತುಂಬಿದ್ದು ತಾನೇ ಎಂದಳು. ಬೆಂಚಿನ ವಿಷಯವನ್ನು ಬಾಯಲ್ಲಾದರೂ ಹೇಳಬೇಕಿತ್ತು ಎಂದಳು. ಅವ್ವನ ಹತ್ತಿರ ಎರಡು ಸಲ ಸಾರಿ ಕೇಳಿದಳು. ನಾನು ಅವಳ ಬೂಟು ನೋಡುತ್ತ ನಿಂತಿದ್ದೆ.

ಅವ್ವ ಡಬ್ಬಿಗಳಿಗೆ ಮುಚ್ಚಳ ಹಾಕಿ, ಟವೆಲಿನಿಂದ ಬೆಂಚನ್ನು ಒಮ್ಮೆ ಒರೆಸಿ ಎದ್ದಳು.

"ನಡೀರಿ ಕಾರಿಗೆ," ಎಂದರು ಅಪ್ಪ.

ಹೈವೇ ಹಿಡಿದು ಒಂದು ತಾಸು ಕಳೆಯಿತು. ಆಮೇಲೆ ಅಪ್ಪ, "ಊಟಕ್ಕ ಕೂತವರನ್ನ ಎಬ್ಬಿಸೋದು ಅಂದ್ರ," ಎಂದರು. "ಇಂಥಾದ್ದು ನಾ ಎಲ್ಲೂ ನೋಡಿಲ್ಲ."

"ಎಲ್ಲೂ ಅಂದ್ರ? ಹುಬ್ಬಳ್ಳ್ಯಾಗ ನಮ್ಮನಿ ಕಟ್ಟಿ ಮ್ಯಾಲೆ ಯಾರ ಬೇಕಾದ್ರೂ ಕೂಡತಿದ್ರೇನು?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ನಾವು ಯಾರನ್ನೂ ಎಬ್ಬಿಸಿಲ್ಲ."

"ಎಬ್ಬಿಸೀವಿ," ಎಂದಳು ಅವ್ವ ಕಿಟಕಿಯ ಕಡೆ ನೋಡುತ್ತ. "ನಿಮ್ಮವ್ವ ಎಬ್ಬಿಸಿ ಕಟ್ಟಿಗೆ ನೀರ ಹಾಕ್ತಿದ್ರು. ನನ್ನ ಕೈಲೇ ಹಾಕಿಸ್ತಿದ್ರು."

ನಾನು ಅಲ್ಲಿಗೇ ವಾದ ಬಿಟ್ಟೆ, ಯಾಕೆಂದರೆ ನನ್ನ ಹೋಲಿಕೆ ಸರಿಯಿರಲಿಲ್ಲ. ಎಲ್ಲೂ ಕೂರಲು ಬಿಡದವರು ತಮಗಾಗಿ ಮಾಡಿಕೊಂಡ ಬೆಂಚು ಒಂದು, ಎಲ್ಲ ಕಡೆ ಕೂತವರು ಇನ್ನೊಬ್ಬರಿಗೆ ಬಿಡದ ಕಟ್ಟೆ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಆ ಸುತ್ತನ್ನು ಗೆಲ್ಲುವುದಕ್ಕೆ. ಎದುರಿಗೆ ಒಳ್ಳೆಯ ವಾದಿ ಇದ್ದಿದ್ದರೆ ಅಲ್ಲೇ ಹಿಡಿಯುತ್ತಿದ್ದಳು.

ಪಂಥದ ಪ್ರಕಾರ ನಾನು ಸೋತಿದ್ದೆ. ಆಸ್ಟಿನ್ನಿಗೆ ಒಪ್ಪಿಗೆ ಕೊಡುವ ಪುಟವನ್ನು ಅಪ್ಪ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟರು. ಎರಡರಲ್ಲಿ ಒಂದಕ್ಕೆ ಒಪ್ಪಿಗೆ ಕೊಡಲು ಆ ತಿಂಗಳ ಕೊನೆಯವರೆಗೆ ಸಮಯವಿತ್ತು. ಅಷ್ಟರಲ್ಲಿ ಯುಗಾದಿ ಬಂತು, ಒಬ್ಬಟ್ಟು ಬಂತು, ಹತ್ತು ಹುಡುಗರು ಮತ್ತು ಪೊಲೀಸರು ಬಂದರು. ಆ ಕಥೆಯಲ್ಲಿ ಕೈಪಿಡಿಯೂ ಇತ್ತು: "ಬೇಕಂತಲೇ ಪೇಜ್ ಇಲ್ದೇ ಇರೋದನ್ನ ಕಳಿಸಿದ್ರಂತೆ, ನಮ್ಮೋರು ಸಿಕ್ಕಿಹಾಕ್ಕೊಳ್ಲಿ ಅಂತ." ಹಾಗೆ ಹೇಳಿದ ಆಂಟಿಯೊಬ್ಬರು ಅದನ್ನು ನಂಬಿಯೂ ಇದ್ದರು. ಲಕೋಟೆ ತುಂಬಿದ ಹುಡುಗಿಯ ಇಳಿದ ಮುಖ ನೋಡಿದ್ದವರು ಆ ಊಟದ ಹಾಲ್‌ನಲ್ಲಿ ನಾವು ಮೂವರೇ.

ಮರುದಿನ ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತಿದ್ದಾಗ ಕೆಮಿಸ್ಟ್ರಿ ಪುಸ್ತಕದಿಂದ ಆ ಹಾಳೆ ತೆಗೆದು ಟೇಬಲ್ಲಿನ ಮೇಲಿಟ್ಟೆ.

"ಇದು ನಾನ ಕಿತ್ತಿದ್ದೆ. ಅವರು ಪೂರಾ ಪುಸ್ತಕ ಕಳಿಸಿದ್ರು."

ಅಪ್ಪ ಓದಿದರು. ಬಹಳ ಹೊತ್ತು ಹಿಡಿಯಿತು, ಇರುವುದು ಮೂರೇ ಸಾಲು.

"ಆ ಹುಡುಗಿ ಅಷ್ಟ ಸಾರಿ ಕೇಳಿದ್ಲಲ್ಲ," ಎಂದರು.

"ಹೂಂ."

"ನಿಂತು ನೋಡಿದಿ."

"ಹೂಂ. ಕಾಲೇಜಿಗೆ ಬರೀತೀನಿ ಇವತ್ತ, ಅವಳ ತಪ್ಪಲ್ಲ ಅಂತ."

ಬಯ್ಯುತ್ತಾರೆ ಎಂದು ಕಾದೆ. ಅದಕ್ಕೆ ಉತ್ತರವನ್ನೂ ಇಟ್ಟುಕೊಂಡಿದ್ದೆ. ಅವರು ಹಾಳೆಯನ್ನು ನನ್ನ ಕಡೆ ಸರಿಸಿ ಚಹಾದ ಕಪ್ಪು ಎತ್ತಿಕೊಂಡರು. "ಎಬ್ಬಿಸಿದ್ದು ನಿಮ್ಮವ್ವನ್ನ. ನನ್ನನ್ನಲ್ಲ, ನಿನ್ನನ್ನೂ ಅಲ್ಲ. ಆಕಿ ಹೂಂ ಅಂದ್ರ ಹ್ಯೂಸ್ಟನ್ನಿಗೆ ಹೋಗು. ಇಲ್ಲಾಂದ್ರ ಆಸ್ಟಿನ್. ಇನ್ನ ನಾ ಮಾತಾಡಂಗಿಲ್ಲ." ಆಮೇಲೆ ಪ್ಲೇನೋದ ತಮ್ಮ ಆಫೀಸಿಗೆ ಹೊರಟುಬಿಟ್ಟರು, ದಿನಕ್ಕಿಂತ ಅರ್ಧ ತಾಸು ಮೊದಲೇ.

ಅವ್ವ ಒಲೆಯ ಮುಂದೆ ಚಪಾತಿ ಲಟ್ಟಿಸುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ. ತಪ್ಪಾಯಿತು ಎಂದೆ. ನೀ ಅಲ್ಲಿ ಕೂಡೂದಕ್ಕ ನಾನ ಕಾರಣ ಎಂದೆ. ಹಾಳೆ ಇದ್ದಿದ್ದರೆ ನಿನಗೆ ಗೊತ್ತಾಗುತ್ತಿತ್ತು ಎಂದೆ.

"ಗೊತ್ತಿತ್ತು," ಎಂದಳು.

"ಏನು?"

"ಬಂದ ಮರುದಿನಾನ ಓದಿದ್ದೆ. ನೀ ಪೂರಾ ಪುಸ್ತಕಾನ ವಾಷಿಂಗ್ ಮಷಿನ್ ಮ್ಯಾಲೆ ಇಟ್ಟು ಸಾಲಿಗೆ ಹೋಗಿದ್ದಿ." ಚಪಾತಿಯನ್ನು ತವೆಗೆ ಹಾಕಿದಳು. "ಹೋಗು ನೀ ಹ್ಯೂಸ್ಟನ್ನಿಗೆ. ನಂದು ಹೂಂ ಅದ."

ನನಗೆ ಬೇಕಾದದ್ದು ಸಿಕ್ಕಿತ್ತು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಬಣ್ಣದ ಬೆಂಚು ಕಂಡಾಗ ಅವಳಿಗೆ ಆ ಮೂರು ಸಾಲು ನೆನಪಿತ್ತು. ಟವೆಲ್ ಹಾಸುವಾಗಲೂ ನೆನಪಿತ್ತು. ಎಬ್ಬಿಸುತ್ತಾರೆಂದೂ, ಎಬ್ಬಿಸಿದರೆ ನಾನು ಸೋಲುತ್ತೇನೆಂದೂ ಅವಳಿಗೆ ಗೊತ್ತಿತ್ತು. ಚಪಾತಿ ಉಬ್ಬಿತು. ಅವಳು ಅದನ್ನು ತಿರುವಿ ಹಾಕಿದಳು.

"ಅವ್ವಾ," ಎಂದೆ, "ಗೊತ್ತಿದ್ದೂ ಅಲ್ಲೇ ಯಾಕ ಕೂತಿ?"