ಹೊಸಿಲಾಚೆ ಕೂತ ಅಳಿಯ

ನನ್ನ ಅಕ್ಕ ಒಂದು ಮಾತು ಹೇಳಿದರೆ ಅದು ಹೇಳಿದ ಹಾಗೇ ನಡೆಯಬೇಕು. ರಾಮನಗರದ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಮಕ್ಕಳನ್ನು ಗದರಿಸಿ ಪಾಠ ಹೇಳಿದ ನನಗೆ ಅವಳೆದುರು ಮಾತ್ರ ಬಾಯಿ ಕಟ್ಟುತ್ತದೆ. ಅವಳು ಇರುವುದು ಕೂಟಗಲ್ ಹತ್ತಿರದ ಒಂದು ಹಳ್ಳಿಯಲ್ಲಿ. ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಇದ್ದೊಬ್ಬ ಮಗಳನ್ನು ಓದಿಸಿದಳು. ಆ ಹುಡುಗಿ ಫಿಸಿಯೋಥೆರಪಿ ಕಲಿತು ರಾಮನಗರದ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕೆ ಸೇರಿದಳು. ನಮ್ಮೂರಿನ ಬಂಡೆ ಹತ್ತಲು ಬಂದು, ಕಾಲು ಉಳುಕಿಸಿಕೊಂಡು, ಅವಳ ಕೈಗೆ ಸಿಕ್ಕವನೇ ಈಗ ನಮ್ಮ ಮನೆಯ ಅಳಿಯ.

ಅವನು ಯುರೋಪಿನವನು. ದೇಶದ ಹೆಸರು ಬೇಡ; ನಾನು ಬೈಯಬೇಕಾಗಿರುವುದು ಅಲ್ಲಿನ ಒಂದು ಆಫೀಸನ್ನು, ಜನರನ್ನಲ್ಲ. ಬಡಗಿ ಕೆಲಸ ಅವನದು. ಕಾಲು ನೆಟ್ಟಗಾದ ಮೇಲೂ ಕ್ಲಿನಿಕ್ಕಿಗೆ ಬರುವುದನ್ನು ಬಿಡಲಿಲ್ಲ. ಮರುವರ್ಷ ಮತ್ತೆ ಬಂದ, ಆ ಸಲ ಬಂಡೆಯ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗಿ ವಿಷಯವನ್ನು ಅವ್ವನಿಗೆ ಹೇಳಿದ ದಿನ ನಾನೂ ಅಲ್ಲಿದ್ದೆ. ಭೂಕಂಪವೇ ಆಗುತ್ತದೆ ಎಂದು ಹೆದರಿಕೊಂಡಿದ್ದೆ.

ಅಕ್ಕ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸದೆ ಕೇಳಿದಳು. "ಮುದ್ದೆ ತಿಂತಾನಾ?"

"ತಿಂತಾನೆ ಕಣವ್ವ."

"ಕುಡಿತಾನಾ?"

"ಒಸಿ."

"ನಿಮ್ಮಪ್ಪನೂ ಒಸಿ ಅಂತಲೇ ಅಂತಿದ್ದ," ಎಂದಳು. ಅಷ್ಟೇ. ಒಪ್ಪಿಗೆ ಸಿಕ್ಕಿತು ಎಂದು ನಮಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಹೊರದೇಶದವನ ಜೊತೆ ಮದುವೆ ಎಂದರೆ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಟಿಸು ಹಾಕಿ ಕಾಯಬೇಕು. ಅವನ ದೇಶದಿಂದ ಯಾವುದೋ ಕಾಗದ ಬರಬೇಕಿತ್ತು, ಬಂದದ್ದರಲ್ಲಿ ಸೀಲು ಸರಿಯಿಲ್ಲ ಎಂದು ಮತ್ತೆ ತರಿಸಬೇಕಾಯಿತು. ಅವನ ರಜೆಯ ಅರ್ಧ ಹೀಗೇ ಕರಗಿತು. ಕೊನೆಗೆ ರಿಜಿಸ್ಟರ್ ಆಗಿ, ಕಬ್ಬಾಳಿನಲ್ಲಿ ಅಮ್ಮನ ಗುಡಿಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಜ್ಯೇಷ್ಠ ಮುಗಿಯುತ್ತಾ ಬಂದಿತ್ತು. ಬೆನ್ನಿಗೇ ಆಷಾಢ.

ನಮ್ಮ ಕಡೆ ಹೊಸದಾಗಿ ಮದುವೆಯಾದವರು ಮೊದಲ ಆಷಾಢದಲ್ಲಿ ಜೊತೆಗಿರುವಂತಿಲ್ಲ. ಹುಡುಗಿ ತವರಿಗೆ ಬರುತ್ತಾಳೆ, ಹೊಸ ಅಳಿಯ ಅತ್ತೆಮನೆಯ ಹೊಸಿಲು ದಾಟುವುದಿಲ್ಲ. ಈಗ ಪೇಟೆಯವರು ಇದನ್ನು ಒಂದು ವಾರಕ್ಕೋ ಎರಡು ದಿನಕ್ಕೋ ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ಅಕ್ಕನ ಹತ್ತಿರ ಆ ಆಟ ನಡೆಯದು.

"ಅವನ ರಜೆ ಎಲ್ಲಾ ಇದರಲ್ಲೇ ಮುಗಿದುಹೋಗುತ್ತೆ ಅಕ್ಕ," ಎಂದೆ.

"ಮುಗೀಲಿ. ಇನ್ನು ಜೀವಮಾನವೆಲ್ಲ ಐತೆ. ಒಂದು ತಿಂಗ್ಳು ತಡಕೊಳ್ದೆ ಇರೋನು ಎಂಥ ಗಂಡ?"

ನನಗೆ ಮೈಯೆಲ್ಲ ಉರಿಯಿತು. ಅಳಿಯನನ್ನು ನನ್ನ ಮನೆಯಲ್ಲಿ ಇರಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಅವನನ್ನು ಎದುರಿಗೆ ಕೂರಿಸಿಕೊಂಡು, ನಾಚಿಕೆಯಿಂದ, ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದೆ. ಅವನು ಸಿಟ್ಟು ಮಾಡಿಕೊಳ್ಳುತ್ತಾನೆ, ನಾನೂ ಅವನ ಪರ ನಿಂತು ಅಕ್ಕನನ್ನು ಒಂದು ಕೈ ನೋಡಿಕೊಳ್ಳಬಹುದು ಎಂದು ಒಳಗೊಳಗೇ ಆಸೆಯಿತ್ತು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅತ್ತೆಗೆ ಇದು ಮುಖ್ಯವೇ?" ಬಹಳ ಮುಖ್ಯ ಎಂದೆ. "ಹಾಗಾದರೆ ಸರಿ, ಚಿಕ್ಕಮ್ಮ," ಎಂದ. ನನ್ನ ಜಗಳ ಅಲ್ಲಿಗೇ ಸತ್ತುಹೋಯಿತು.

ಆ ತಿಂಗಳು ಅವನು ಸಂಜೆಯಾದರೆ ನನ್ನ ಯಜಮಾನರ ಹಳೆಯ ಸ್ಕೂಟರು ಹತ್ತಿ ಅಕ್ಕನ ಊರಿಗೆ ಹೋಗುತ್ತಿದ್ದ. ಜಗಲಿಯ ಮೇಲೆ ಕೂರುತ್ತಿದ್ದ. ಹುಡುಗಿ ಬಾಗಿಲೊಳಗೆ, ಹೊಸಿಲಿಗೆ ತಾಗಿದ ಹಾಗೆ ಕೂರುತ್ತಿದ್ದಳು. ಅಕ್ಕ ಮುದ್ದೆ, ಬಸ್ಸಾರು ಹಾಕಿದ ತಟ್ಟೆಯನ್ನು ತಂದು ಅವನ ಕೈಗೆ ಕೊಟ್ಟು ಹೋಗುತ್ತಿದ್ದಳು. ಬರಿಗೈಯಲ್ಲಿ ಕೂರುವುದು ಬಡಗಿಗೆ ಆಗದು. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳು ಮುರಿದು ಮೂಲೆಯಲ್ಲಿ ಬಿದ್ದಿದ್ದವು. ಅವನ್ನೆಲ್ಲ ಜಗಲಿಗೆ ತರಿಸಿಕೊಂಡು ಒಂದೊಂದಾಗಿ ಕಟ್ಟಿದ. ಮಳೆಗೆ ಉಬ್ಬಿ ಮುಚ್ಚಲಾಗದ ಮುಂಬಾಗಿಲನ್ನು ಉಜ್ಜಿದ, ಹೊರಮೈ ಮಾತ್ರ. ಒಳಗಡೆಯದು ಆಮೇಲೆ ಎಂದು ಕೈಸನ್ನೆ ಮಾಡಿದ.

ಊರಿನವರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇಕೇ? ದನ ಹೊಡೆದುಕೊಂಡು ಹೋಗುವವರು ನಿಂತು ಕೇಳುವರು: "ಏನ್ ಅಳಿಮಯ್ಯ, ಅತ್ತೆ ಒಳಕ್ಕೆ ಸೇರಿಸ್ನಿಲ್ವಾ?" ಅವನು ಕಲಿತ ಕನ್ನಡದಲ್ಲೆಲ್ಲ ಗಟ್ಟಿಯಾದದ್ದು ಒಂದೇ ವಾಕ್ಯ, ಅದನ್ನು ಗಂಭೀರವಾಗಿ ಹೇಳುತ್ತಿದ್ದ: "ಆಷಾಡ ಐತೆ."

ಒಂದು ಸಂಜೆ ಗಾಳಿ ತಿರುಗಿ ಎರಚಲು ಜಗಲಿಯ ಗೋಡೆಯ ತನಕ ಹೊಡೆಯಿತು. ನಾನೂ ಅಲ್ಲಿದ್ದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಒಳಕ್ಕೆ ಬಾ ಎನ್ನುವ ಮಾತು ಅವಳ ತುಟಿಗೆ ಬಂದದ್ದು ನನಗೆ ಕಂಡಿತು. ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಕಾಲು ಮಡಚಿಕೊಂಡು ಗೋಡೆಗೆ ಒತ್ತಿ ಕೂತ. ಅಕ್ಕ ಒಳಗೆ ಹೋಗಿ ಒಂದು ಗೋಣಿಚೀಲ ತಂದು, ಕೊಪ್ಪೆ ಮಾಡಿ, ತಾನೇ ಹೊರಗೆ ಬಂದು ಅವನ ತಲೆಗೆ ಹಾಕಿದಳು. ಆವತ್ತು ಅವನ ಮೇಲೆ ನನಗೆ ಬಂದ ಗೌರವ ಇನ್ನೂ ಇಳಿದಿಲ್ಲ.

ಆಷಾಢ ಮುಗಿಯುವ ಮೊದಲೇ ಅವನ ರಜೆ ಮುಗಿದು ಅವನು ಹೊರಟುಹೋದ. ಹುಡುಗಿ ವೀಸಾಕ್ಕೆ ಅರ್ಜಿ ಹಾಕಿದಳು. ಬೆಂಗಳೂರಿನ ಏಜೆಂಟೊಬ್ಬ ಕಾಗದಗಳನ್ನು ನೋಡಿ ತಲೆ ಕೆರೆದುಕೊಂಡ. ಮದುವೆಯಾದ ಮೇಲೆ ಗಂಡನ ವಿಳಾಸ ಒಂದು, ಹೆಂಡತಿಯ ವಿಳಾಸ ಇನ್ನೊಂದು. ತಾಳಿ ಕಟ್ಟಿದ ದಿನದ್ದು ಬಿಟ್ಟರೆ ಜೊತೆಗಿರುವ ಫೋಟೋ ಇಲ್ಲ. ಉಳಿದವುಗಳಲ್ಲೆಲ್ಲ ಅವನು ಆಚೆ, ಇವಳು ಈಚೆ, ನಡುವೆ ಹೊಸಿಲು. "ಮೈಸೂರಿಗೆ ಹನಿಮೂನಿಗೆ ಹೋಗಿದ್ವಿ ಅಂತ ಹೇಳಿಬಿಡಿ ಮೇಡಂ, ಹೋಟೆಲ್ ಬಿಲ್ಲು ನಾನು ಮಾಡಿಸಿಕೊಡ್ತೀನಿ," ಎಂದನಂತೆ. ಇವಳು ಒಪ್ಪಲಿಲ್ಲ.

"ಒಂದು ಸುಳ್ಳಲ್ವೇನೇ, ಯಾರಿಗೆ ನಷ್ಟ?" ಎಂದು ಟೀಚರಾದ ನಾನೇ ಕೇಳಿದೆ.

"ಅವ್ರು ಜಗಲಿ ಮೇಲೆ ಕೂತಿದ್ದು ನಾಚಿಕೆ ವಿಷ್ಯ ಅಲ್ಲ ಚಿಕ್ಕವ್ವ. ನಾನ್ಯಾಕೆ ಮುಚ್ಚಿಡ್ಲಿ?" ಎಂದಳು. ಅವ್ವನ ಮಗಳೇ ಸರಿ. ಸಂದರ್ಶನದಲ್ಲಿ, ಮದುವೆಯಾದ ಮೇಲೆ ಎಲ್ಲಿ ಜೊತೆಯಾಗಿ ವಾಸವಿದ್ದಿರಿ ಎಂದು ಕೇಳಿದಾಗ, ಇನ್ನೂ ಇಲ್ಲ ಎಂದು ಹೇಳಿ ಬಂದಳು. ಯಾಕೆ ಎಂದು ಅವರು ಕೇಳಲೂ ಇಲ್ಲವಂತೆ.

ಅರ್ಜಿ ತಿರಸ್ಕಾರವಾಯಿತು. ಈ ದಾಂಪತ್ಯ ನಿಜವಾದದ್ದೆಂದು ನಂಬಲು ಆಧಾರವಿಲ್ಲ ಎಂದು ಬರೆದಿದ್ದರು. ಅದನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳುವಾಗ ನನಗೆ ಸಂತೋಷವಾಗಬೇಕಿತ್ತು, ನಾನು ಗೆದ್ದಿದ್ದೆನಲ್ಲ. ಆದರೆ ಅವಳ ಮುಖ ನೋಡಿ ಆ ಕಾಗದವನ್ನು ಮಡಚಿಟ್ಟೆ. ಮಗಳು ಅವ್ವನನ್ನು ಒಂದು ಮಾತು ಆಡಲಿಲ್ಲ. ಎದ್ದು ಹೋಗಿ ಹುಳುಗಳಿಗೆ ಸೊಪ್ಪು ಹಾಕಿದಳು.

ಊರಲ್ಲಿ ಗುಸುಗುಸು ಶುರುವಾಯಿತು. ಬಿಳಿಯ ಕೈಕೊಟ್ಟ, ಇನ್ನು ಬರಲ್ಲ, ಹುಡುಗಿ ಬಾಳು ಹಾಳಾಯಿತು. ಅವನು ಅಲ್ಲಿ ವಕೀಲರನ್ನು ಹಿಡಿದು ಮೇಲ್ಮನವಿ ಹಾಕಿದ. ಬೇರೆ ಇದ್ದುದಕ್ಕೆ ಕಾರಣ ಏನು, ಅದಕ್ಕೆ ಯಾರಾದರೂ ಪ್ರಮಾಣ ಮಾಡಿ ಹೇಳಿಕೆ ಕೊಡುತ್ತಾರೆಯೇ ಎಂದು ಆ ವಕೀಲರು ಕೇಳಿದರು. ನಾನು ಕೊಡುತ್ತೇನೆ ಎಂದೆ.

"ನೀನ್ಯಾಕೆ?" ಎಂದಳು ಅಕ್ಕ. "ಅವ್ರನ್ನ ಬ್ಯಾರೆ ಇರ್ಸಿದ್ದು ನಾನು. ನಾನೇ ಬತ್ತೀನಿ."

ರಾಮನಗರದ ಕೋರ್ಟಿನ ಹತ್ತಿರ ನೋಟರಿಯೊಬ್ಬರ ಮುಂದೆ, ಮಗಳ ಮದುವೆಗೆ ಉಟ್ಟ ಸೀರೆಯನ್ನೇ ಉಟ್ಟು ಅಕ್ಕ ಕೂತಳು. ಅವಳು ಹೇಳಬೇಕು, ನಾನು ಇಂಗ್ಲಿಷಿಗೆ ತಿರುಗಿಸಿ ಬರೆಯಬೇಕು. ಸ್ವಲ್ಪ ಮೆತ್ತಗೆ ಮಾಡೋಣ ಎಂದು, "ನನ್ನ ತಪ್ಪಿನಿಂದ ಹೀಗಾಯಿತು ಅಂತ ಬರೀಲಾ?" ಎಂದು ಕೇಳಿದೆ.

"ತಪ್ಪು ಅಂತ ಬರೀಬ್ಯಾಡ. ನನ್ನ ಮಾತು ಅಂತ ಬರಿ. ನಾನು ಏಳ್ದೆ, ಅವರಿಬ್ರೂ ನಡಿಸ್ಕೊಟ್ರು. ನಾನೂ ಮದ್ವೆ ಆದ ವರ್ಸ ಆಷಾಡಕ್ಕೆ ಬಂದು ನಮ್ಮವ್ವನ ಮನೇಲಿ ಕೂತಿದ್ದೆ, ಬರ್ಕೋ. ನಮ್ಮವ್ವನೂ ಅವರವ್ವನ ಮನೇಲಿ ಕೂತಿದ್ಲು. ನನ್ನ ಮಗಳದ್ದು ಮದ್ವೆ ಅಲ್ದಿದ್ರೆ ನಂದೂ ಅಲ್ಲ, ನಮ್ಮವ್ವಂದೂ ಅಲ್ಲ."

"ಇಷ್ಟೆಲ್ಲ ಬೇಕಾಗಲ್ಲಮ್ಮ, ನಾಲ್ಕು ಸಾಲು ಸಾಕು," ಎಂದರು ನೋಟರಿ.

"ನೀವು ಒಸಿ ಸುಮ್ಕಿರಿ ಸಾಮಿ. ಇನ್ನೂ ಐತೆ." ಅಕ್ಕ ನನ್ನ ಪೆನ್ನಿನ ಕಡೆ ನೋಡುತ್ತಾ ನಿಧಾನವಾಗಿ ಹೇಳಿದಳು. "ಎರಚಲು ಒಡೀತಿದ್ರೂ ಆ ಹುಡುಗ ನನ್ನ ಹೊಸಿಲು ಮೆಟ್ಟನಿಲ್ಲ. ನಮ್ಮ ಜನದಲ್ಲೇ ಈಗ ಯಾರೂ ಅಷ್ಟು ಮರ್ವಾದೆ ಕೊಡಾಕಿಲ್ಲ. ಅಂಥೋನ್ನ ಸುಳ್ಳು ಗಂಡ ಅಂದ್ರೆ, ನಿಜವಾದ ಗಂಡ ಎಂಗಿರ್ತಾನೆ ಅಂತ ಅವ್ರೇ ಏಳ್ಲಿ."

ನಾನು ಬರೆದೆ. ಕಣ್ಣು ಮಂಜಾಗಿ ಅಕ್ಷರ ಸೊಟ್ಟಗಾಯಿತು, ಇನ್ನೊಂದು ಹಾಳೆ ತೆಗೆದುಕೊಳ್ಳಬೇಕಾಯಿತು. ಹುಟ್ಟಿದಾಗಿನಿಂದ ಜೊತೆಗಿದ್ದರೂ ಅಕ್ಕ ಎಷ್ಟು ದೊಡ್ಡವಳೆಂದು ನನಗೆ ತಿಳಿದದ್ದು ಆ ನೋಟರಿಯ ಬೆಂಚಿನ ಮೇಲೆ.

ಆಮೇಲೆ ಕಾಯುವುದು. ಅದೊಂದೇ ಕೆಲಸ. ಅವನು ಸಂಜೆಗೆ ಸರಿಯಾಗಿ ಫೋನು ಮಾಡುತ್ತಿದ್ದ. ಅಕ್ಕನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾಗಿಲ ಬಳಿ ಮಾತ್ರ, ಹಾಗಾಗಿ ಹುಡುಗಿ ಅದೇ ಜಾಗದಲ್ಲಿ ಕೂತು, ಫೋನನ್ನು ಹೊಸಿಲಿಗೆ ಒರಗಿಸಿಟ್ಟು ಮಾತಾಡುತ್ತಿದ್ದಳು. ಅದನ್ನು ನೋಡಿ ಒಂದು ದಿನ ಅಕ್ಕ ನನಗೆ ಹೇಳಿದಳು: "ನಾನು ಒಂದು ತಿಂಗ್ಳು ಅಂದ್ರೆ, ಆ ಆಪೀಸ್ನೋರು ವರ್ಸವೆಲ್ಲ ಆಷಾಡ ಮಾಡ್ಬುಟ್ರಲ್ಲೇ."

ಮೇಲ್ಮನವಿಯಲ್ಲಿ ಗೆದ್ದೆವು ಎಂಬ ಸುದ್ದಿ ಬರುವ ಹೊತ್ತಿಗೆ ಮತ್ತೆ ಮೋಡ ಕಟ್ಟಿತ್ತು. ವೀಸಾ ಕೈಗೆ ಬಂತು. ಹೆಂಡತಿಯನ್ನು ಕರೆದೊಯ್ಯಲು ಅವನೇ ಬರುತ್ತೇನೆಂದು ಹೊರಟ. ಕ್ಯಾಲೆಂಡರ್ ತಿರುವಿ ನೋಡಿದೆ, ಆಷಾಢ ಆಗತಾನೇ ಹುಟ್ಟಿತ್ತು. ಎರಡನೇ ವರ್ಷಕ್ಕೆ ನಮ್ಮಲ್ಲಿ ಈ ಕಟ್ಟಳೆ ಇಲ್ಲ. ಆದರೆ ಅಕ್ಕನ ಲೆಕ್ಕವೇ ಬೇರೆ. ಗಂಡ ಹೆಂಡತಿ ಸೇರಿ ಒಂದು ಒಲೆ ಹಚ್ಚುವ ತನಕ ಅದು ಹೊಸ ಮದುವೆಯೇ. ಅವನಿಗೆ ಆಷಾಢ ಕಳೆದು ಬಾ ಎನ್ನೋಣವೇ ಎಂದು ಅಕ್ಕನನ್ನು ಕೇಳಲು ಹೊರಟವಳು, ಅವಳ ಬಾಯಿಂದ ಏನು ಬರುತ್ತದೋ ಎಂದು ಹೆದರಿ ಸುಮ್ಮನಾದೆ.

ಅವನನ್ನು ನಾನೇ ಕರೆದುಕೊಂಡು ಹೋದೆ. ಜಿನುಗು ಮಳೆ. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಯಾರೂ ಹೇಳುವ ಮೊದಲೇ, ಅವನು ಜಗಲಿಯ ಮೇಲೆ ತನ್ನ ಹಳೆಯ ಜಾಗದಲ್ಲಿ ಕೂತುಬಿಟ್ಟ. ಹುಡುಗಿ ಬಾಗಿಲ ತನಕ ಓಡಿ ಬಂದು ಹೊಸಿಲ ಒಳಗೇ ನಿಂತಳು. ಇಬ್ಬರೂ ಅಕ್ಕನ ಕಡೆ ನೋಡಿದರು. ನಾನೂ ನೋಡಿದೆ.

ಅಕ್ಕ ಹೊರಗೆ ಬಂದು ಅವನ ಮಣಿಕಟ್ಟು ಹಿಡಿದಳು.

"ಏಳಪ್ಪ, ಒಳಕ್ಕೆ ನಡಿ."

"ಆಷಾಡ ಐತೆ, ಅತ್ತೆ," ಎಂದ ಅವನು.

"ಗೊತ್ತು ಕಣಪ್ಪ. ಇರ್ಲಿ ಬಾ," ಎಂದು ಅವನನ್ನು ಎಳೆದುಕೊಂಡು ಹೊಸಿಲು ದಾಟಿಸಿದಳು.

ಅಡುಗೆಮನೆಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಮುದ್ದೆ ಬಡಿಸಿ, ನನ್ನ ಕಡೆ ತಿರುಗಿ ಫೋಟೋ ತೆಗಿಯೇ ಎಂದಳು. ತೆಗೆದೆ. ಆ ಫೋಟೋವನ್ನು ಯಾವ ಆಫೀಸಿನವರೂ ಕೇಳಲಿಲ್ಲ. ಅಕ್ಕ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾಳೆ.