ಬಲಗಡೆ ಸ್ವಲ್ಪ ಡಲ್

ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡ ಕೂಡಲೇ ವೀರೇಶನ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎಡಗಣ್ಣು ಎದುರಿನ ಗೋಡೆಯನ್ನೋ ನೀರಿನ ಟ್ಯಾಂಕನ್ನೋ ದಿಟ್ಟಿಸುತ್ತಿತ್ತು. ಸೂಜಿಗೆ ದಾರ ಪೋಣಿಸುವವರ ಮುಖ ಹಾಗಿರುತ್ತದೆ. ವಾಕ್‌ಮನ್ನಿನ ಗುಂಡಿ ಒತ್ತಿ, ಉಸಿರು ಹಿಡಿದು ಕೂತು, ಸ್ವಲ್ಪ ಹೊತ್ತಿನ ಮೇಲೆ ತೀರ್ಪು ಕೊಡುತ್ತಿದ್ದ: “ಇದು ಬಾಯಿಗೆ ಕರ್ಚೀಫ್ ಹಿಡಕೊಂಡು ಹಾಡಿದಂಗ ಐತ್ರಿ ಕಾಕಾ.” ಆಮೇಲೆ ಆ ಕಣ್ಣು ತೆರೆಯುತ್ತಿತ್ತು.

ಕಾಕಾ ಅಂದರೆ ನನ್ನ ಅಪ್ಪ, ಕಾಕು ಅಂದರೆ ಅಮ್ಮ. ನಮ್ಮ ಮನೆ ಜೆ.ಪಿ. ನಗರದಲ್ಲಿ, ಸಾರಕ್ಕಿ ಸಿಗ್ನಲ್ಲಿಗೆ ನಡೆದು ಹೋಗುವಷ್ಟು ದೂರ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲವು ವರ್ಷ ವೀರೇಶ ನಮ್ಮ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದ. ಗದಗದ ಕಡೆಯವನು. ಬಿ.ಎಸ್ಸಿ. ಮುಗಿಸಿ ಬಿಟಿಎಂ ಲೇಔಟಿನ ಒಂದು ಆಫೀಸಿಗೆ ಸೇರಿದ್ದ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವ ಕೆಲಸ. ಆ ಡಾಕ್ಟರುಗಳೆಲ್ಲ ಅವನಿಗೆ ನೆಂಟರಂತೆ. “ಒಬ್ಬಾವ ಅದಾನ್ರಿ, ಚಿಪ್ಸ್ ತಿನಕೋತನ ಹಾರ್ಟ್ ಆಪರೇಶನ್ ಹೇಳ್ತಾನ. ಕಿಡ್ನಿ ಅಂದನೋ, ಚಿಪ್ಸ್ ಮುರದನೋ, ನಾನ ತಿಳಕೋಬೇಕು.” ಇಂಥ ಮಾತಿಗೆ ಅಪ್ಪ ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು. ಆ ನಗು ನನಗೆ ಮೆಟ್ಟಿಲ ಬುಡದಲ್ಲಿ ಕೇಳಿಸುತ್ತಿತ್ತು. ನನ್ನೆದುರು ಅಪ್ಪ ಹಾಗೆ ನಕ್ಕದ್ದು ನೆನಪಿಲ್ಲ. ನಕ್ಕಿರಲೂಬಹುದು. ಹೊಟ್ಟೆಕಿಚ್ಚಿನಲ್ಲಿ ಉಳಿದುಕೊಂಡ ನೆನಪುಗಳನ್ನು ನಾನು ಪೂರ್ತಿ ನಂಬುವುದಿಲ್ಲ.

ಅಪ್ಪ ಟೆಲಿಫೋನ್ ಇಲಾಖೆಯಲ್ಲಿ ಆಪರೇಟರುಗಳ ಮೇಲೆ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ದನಿ ಕೇಳಿಯೇ ಆ ಕಡೆಯವರು ಯಾವ ಜಿಲ್ಲೆಯವರೆಂದು ಹೇಳಬಲ್ಲೆ ಎಂಬುದು ಅವರ ಹೆಮ್ಮೆ. ಮನೆಯಲ್ಲಿ ಮಾತು ಕಡಿಮೆ. ನಾನು ಭೌತಶಾಸ್ತ್ರ ಓದಿ ಜಯನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಊಟದ ಟೇಬಲ್ಲಿನಲ್ಲಿ ಅಪ್ಪನ ಪಕ್ಕ ಕೂತು, ಅವತ್ತು ಕ್ಲಾಸಿನಲ್ಲಿ ಏನಾಯಿತೆಂದು ಹೇಳುತ್ತಿದ್ದೆ. ಅವರು ಸಾರಿನಲ್ಲಿ ಅನ್ನ ಕಲಸುತ್ತಾ “ಹ್ಞೂಂ” ಅನ್ನುತ್ತಿದ್ದರು. ಅದು ನನ್ನ ಮಾತಿಗೋ ಸಾರಿಗೋ ಗೊತ್ತಾಗುತ್ತಿರಲಿಲ್ಲ. ಹಾಗೆ ವರ್ಷಗಟ್ಟಲೆ ನಡೆದಿತ್ತು. ಅಪ್ಪನಿಗೆ ನನ್ನ ವಿಷಯದಲ್ಲಿ ಆಸಕ್ತಿಯಿಲ್ಲ ಎಂದು ತೀರ್ಮಾನಿಸಿ, ಹೇಳುವುದನ್ನು ಕಡಿಮೆ ಮಾಡಿದ್ದೆ.

ಅಂಥ ಮನೆಗೆ ವೀರೇಶ ಇಯರ್‌ಫೋನುಗಳನ್ನು ಹೊತ್ತು ತಂದ. ದಿನವಿಡೀ ಆಫೀಸಿನ ಹೆಡ್‌ಫೋನ್ ಹಾಕಿಕೊಂಡವನಿಗೆ ಅದರ ಸಹವಾಸವೇ ಬೇಡವಾಗಬೇಕಿತ್ತು. ಅವನಿಗೆ ಹುಚ್ಚು ಹೆಚ್ಚಾಗಿತ್ತು. ಕಡಿಮೆ ಬೆಲೆಯದರಲ್ಲಿ ಒಳ್ಳೆಯದನ್ನು ಹುಡುಕುವುದು ಅವನ ಹಟ. “ರೊಕ್ಕ ಕೊಟ್ರ ಯಾವನರ ಛಲೋದು ತರ್ತಾನ. ಅದರಾಗೇನೈತಿ?” ರಬ್ಬರಿನ ತುದಿಯಿದ್ದು ಕಿವಿಯೊಳಗೆ ಹೋಗಿ ಕೂರುವಂಥವು ಆಗತಾನೆ ಅಗ್ಗಕ್ಕೆ ಬರುತ್ತಿದ್ದವು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಬಳಿಯ ಒಬ್ಬ ಅಂಗಡಿಯವನ ಜೊತೆ ಅವನದೊಂದು ಒಪ್ಪಂದ: ತನ್ನ ಹೆಲ್ಮೆಟ್ಟನ್ನು ಅಂಗಡಿಯಲ್ಲಿ ಅಡ ಇಟ್ಟು ಎರಡು ಮೂರು ಜೊತೆ ಮನೆಗೆ ಒಯ್ಯುವುದು, ಕೇಳಿ ನೋಡಿ ಮರುದಿನ ವಾಪಸ್ ಕೊಡುವುದು. ಹೆಲ್ಮೆಟ್ ಇಲ್ಲದ ತಲೆಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ, ಜಯನಗರದ ಒಳರಸ್ತೆಗಳಲ್ಲಿ ಬೈಕು ಸುತ್ತಿಸಿಕೊಂಡು ಬರುತ್ತಿದ್ದ. ಅವನ ತಲೆ ಬರಿದಾಗಿದ್ದರೆ ಜೇಬು ತುಂಬಿದೆ ಎಂದು ಅಪ್ಪನಿಗೆ ಗೇಟಿನಲ್ಲೇ ಗೊತ್ತಾಗುತ್ತಿತ್ತು.

“ಏನಪ್ಪಾ, ಇವತ್ತು ಹೆಲ್ಮೆಟ್ ಇಲ್ಲ?”

“ಅಡಾ ಬಿದ್ದೈತ್ರಿ ಕಾಕಾ. ಮೂರು ತಂದೀನಿ, ಬರ್ರಿ ಮ್ಯಾಲೆ.”

ಅಪ್ಪ ಪೇಪರ್ ಮಡಿಚಿಟ್ಟು ಹೊರಟೇಬಿಡುತ್ತಿದ್ದರು. ಮಂಡಿನೋವಿನ ಮನುಷ್ಯ. ನಾನು ಟೆರೇಸಿಗೆ ಕರೆದರೆ ಮಂಡಿ ನೆನಪಾಗುತ್ತಿತ್ತು.

ಎಲ್ಲ ಇಯರ್‌ಫೋನಿಗೂ ಪರೀಕ್ಷೆ ಒಂದೇ ಕ್ಯಾಸೆಟ್ಟಿನಲ್ಲಿ. ನಾನು ಚಿಕ್ಕವನಿದ್ದಾಗ ಒಂದು ಗೌರಿ ಹಬ್ಬದ ಬೆಳಿಗ್ಗೆ ಅಮ್ಮ ಹಾಲಿನಲ್ಲಿ ಕೂತು ದೇವರನಾಮ ಹಾಡಿದ್ದನ್ನು ಅಪ್ಪ ಯಾರದೋ ಟೇಪ್‌ರೆಕಾರ್ಡರ್ ತಂದು ಮುದ್ರಿಸಿಕೊಂಡಿದ್ದರು. ಹಾಡಿನ ನಡುವೆ ಅಡುಗೆಮನೆಯ ಕುಕ್ಕರ್ ಕೂಗುತ್ತದೆ. ಹೊರಗೆ ಸೊಪ್ಪಿನವಳು ಸಾರಿಕೊಂಡು ಹೋಗುತ್ತಾಳೆ. ಅಪ್ಪ ಅದನ್ನು ಹಾಳಾದ ರೆಕಾರ್ಡಿಂಗ್ ಎಂದು ಬೀರುವಿನಲ್ಲಿಟ್ಟಿದ್ದರು. ವೀರೇಶನಿಗೆ ಅದು ಒರೆಗಲ್ಲಾಯಿತು. ಒಳ್ಳೆಯ ಇಯರ್‌ಫೋನಿನಲ್ಲಿ ಅಮ್ಮ ಹಾಲಿನಲ್ಲಿ, ಕುಕ್ಕರ್ ಅಡುಗೆಮನೆಯಲ್ಲಿ, ಸೊಪ್ಪಿನವಳು ಬೀದಿಯಲ್ಲಿ ಇರಬೇಕು. ಕೆಟ್ಟದ್ದರಲ್ಲಿ ಎಲ್ಲರೂ ಒಂದೇ ಕಡೆ. “ಇದು ಕಾಕೂನ್ನ ಕುಕ್ಕರ್‌ನ್ಯಾಗ ಕುಂದರಿಸೇತ್ರಿ” ಎಂದು ಹೇಳಿಬಿಟ್ಟರೆ ಆ ಇಯರ್‌ಫೋನಿನ ಕಥೆ ಮುಗಿದಂತೆ. ಬೇಸ್ ಜಾಸ್ತಿಯಿದ್ದದ್ದು ಗಣಪತಿ ಪೆಂಡಾಲು, ಬೇಸೇ ಇಲ್ಲದ್ದು ಸೊಳ್ಳೆ. ಅಪರೂಪಕ್ಕೆ ಒಂದಕ್ಕೆ “ಇದು ಖರೇ ಹೇಳ್ತೈತಿ” ಎಂಬ ಬಿರುದು.

ಅಮ್ಮ ಸೊಪ್ಪು ಬಿಡಿಸುತ್ತಾ ಕೆಳಗಿನಿಂದಲೇ ಹೇಳುತ್ತಿದ್ದಳು: “ನನ್ ಹಾಡು ಕೇಳ್ಬೇಕು ಅಂದ್ರೆ ಇಲ್ಲೇ ಇದೀನಲ್ಲಪ್ಪ, ಜೀವಂತ. ವೈರ್ ಯಾಕೆ ಬೇಕು?”

“ನೀವು ಈಗ ಕುಕ್ಕರ್ ಇಲ್ದ ಹಾಡ್ತೀರಿ ಕಾಕೂ, ಮಜಾ ಬರಂಗಿಲ್ಲ.”

ಅಪ್ಪನೂ ವೀರೇಶನೂ ಒಂದೇ ಜೊತೆಯನ್ನು ಹಂಚಿಕೊಂಡು ಕೇಳುತ್ತಿದ್ದರು. ಎಡಗಡೆಯದು ಅಪ್ಪನ ಎಡಗಿವಿಗೆ, ಬಲಗಡೆಯದು ವೀರೇಶನ ಬಲಗಿವಿಗೆ. ಒಂದೇ ಮೈಕಿನ ರೆಕಾರ್ಡಿಂಗ್ ಆದ್ದರಿಂದ ಎರಡರಲ್ಲೂ ಬರುವುದು ಒಂದೇ ಸದ್ದು. ಹಂಚಿಕೊಂಡರೆ ನಷ್ಟವಿಲ್ಲ ಎಂದು ಅವರಿಗೆ ಹೇಳಿಕೊಟ್ಟವನೇ ನಾನು. ಹೇಳಿಕೊಟ್ಟು ಕೆಳಗಿಳಿದು ಬಂದೆ. ಮೂರನೆಯ ಕಿವಿಗೆ ಅಲ್ಲಿ ತಂತಿ ಇರಲಿಲ್ಲ. ಅಮ್ಮನ ಹಾಡು, ಅಪ್ಪನ ಕ್ಯಾಸೆಟ್ಟು, ನಮ್ಮ ಮನೆಯ ಕುಕ್ಕರು. ಅಷ್ಟನ್ನೂ ಗದಗದಿಂದ ಬಂದವನೊಬ್ಬ ಕಿವಿಗೆ ಹಾಕಿಕೊಂಡು ಕೂತಿದ್ದ.

ಅವನಲ್ಲಿ ದೋಷ ಹುಡುಕತೊಡಗಿದೆ. ಒಂದು ಸಿಕ್ಕಿತು. ಒಳ್ಳೊಳ್ಳೆಯ ಇಯರ್‌ಫೋನುಗಳನ್ನೂ ಅವನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದ: “ಎಲ್ಲಾ ಬರೋಬರಿ ಐತ್ರಿ, ಬಲಗಡೆ ಸ್ವಲ್ಪ ಡಲ್.” ನಾನು ಹಾಕಿ ನೋಡಿದರೆ ಎರಡೂ ಸಮ. ಇನ್ನೊಂದಕ್ಕೂ ಅದೇ ಮಾತು. ಬೇರೆ ಬೇರೆ ಇಯರ್‌ಫೋನುಗಳ ಬಲಗಡೆಯೆಲ್ಲ ಹೇಗೆ ಒಟ್ಟಿಗೆ ಡಲ್ ಆದೀತು? ಇವನ ಕಿವಿಯೇ ಸುಳ್ಳು, ಸುಮ್ಮನೆ ಜಂಬ ಮಾಡುತ್ತಾನೆ ಎನಿಸಿ ನನಗೆ ಬಹಳ ಸಂತೋಷವಾಯಿತು.

ಒಂದು ಭಾನುವಾರ ಬೆಳಿಗ್ಗೆ ಟೆರೇಸಿಗೆ ಹೋಗಿ ಪರೀಕ್ಷೆ ಇಟ್ಟೆ. ಭಾನುವಾರವೇ ಎಂದು ನೆನಪು. ದಿನಚರಿ ತೆಗೆದು ನೋಡಿದರೆ ಆ ಸುಮಾರಿನಲ್ಲಿ ನೀರಿನ ಟ್ಯಾಂಕರ್ ಬಂದದ್ದು, ಬಾರದೇ ಇದ್ದದ್ದು ಮಾತ್ರ ಬರೆದುಕೊಂಡಿದ್ದೇನೆ.

“ವೀರೇಶ, ಈ ಕಪ್ಪನೇದ್ರಲ್ಲಿ ಬಲಗಡೆ ಡಲ್ ಅಂದ್ಯಲ್ಲ. ಕಣ್ಣು ಕಟ್ತೀನಿ. ಎರಡನ್ನೂ ಒಂದೊಂದಾಗಿ ನಿನ್ನ ಒಂದೇ ಕಿವಿಗೆ ಇಡ್ತೀನಿ. ಯಾವುದು ಡಲ್ ಹೇಳು.”

“ಆತ್ರಿ ಅಣ್ಣಾರ. ಪ್ರೊಫೆಸರ್ ಮನ್ಯಾಗ ಇದ್ದಮ್ಯಾಲೆ ಪರೀಕ್ಷೆ ಬರಿಯಾಕಬೇಕು.”

ಟವೆಲ್ಲಿನಿಂದ ಕಣ್ಣು ಕಟ್ಟಿದೆ. ಮೊದಲು ಎಡದ್ದನ್ನು ಇಟ್ಟೆ, ಆಮೇಲೆ ಬಲದ್ದನ್ನು. ಮೊದಲನೆಯದು ಡಲ್ ಎಂದ. ಮತ್ತೆ ಅದಲುಬದಲು ಮಾಡಿ ಇಟ್ಟೆ. ಈ ಸಲವೂ ತಪ್ಪು. ಇನ್ನೊಮ್ಮೆಯೂ ತಪ್ಪಿದ. ಅಪ್ಪ ಪ್ಯಾರಪೆಟ್ಟಿಗೆ ಒರಗಿ ನಿಂತು ನೋಡುತ್ತಿದ್ದರು.

“ನೋಡಿದ್ರಾ ಅಪ್ಪ? ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಾನೆ ಇವನು.”

“ಸಾಕು ಬಿಡೋ. ಕಾಲೇಜಲ್ಲಿ ಹುಡುಗರನ್ನ ಗೋಳು ಹುಯ್ಕೊಳ್ಳೋದು ಸಾಲದಾ?”

ಅವನನ್ನು ವಹಿಸಿಕೊಂಡರಲ್ಲ ಎಂದು ನನಗೆ ಉರಿಯಿತು. “ಹಾಗಾದ್ರೆ ನೀವೇ ಹೇಳಿ. ಬನ್ನಿ, ನಿಮ್ಮ ಬಲಗಿವಿಗೆ ಇಡ್ತೀನಿ” ಎಂದು ಅಪ್ಪನ ಕಡೆ ತಿರುಗಿದೆ.

ವೀರೇಶ ಟವೆಲ್ ಕಿತ್ತು ಎದ್ದೇಬಿಟ್ಟ. ಇಯರ್‌ಫೋನನ್ನು ನನ್ನ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡ. “ಏ ಬಿಡ್ರಿ ಅಣ್ಣಾರ, ನಾ ಸೋತೆ. ನನ್ನ ಕಿವ್ಯಾಗ ಕಸ ತುಂಬೈತಿ. ಇವತ್ತ ಇಡ್ಲಿ ನಂದು.” ಜೋರಾಗಿ ನಕ್ಕ. ಅಪ್ಪ ನಗಲಿಲ್ಲ. ಮೆಲ್ಲಗೆ ಮೆಟ್ಟಿಲಿಳಿದು ಹೋದರು. ನಾನು ಗೆದ್ದಿದ್ದೆ. ಅವನ ಖರ್ಚಿನಲ್ಲಿ ಇಡ್ಲಿಯನ್ನೂ ತಿಂದೆ.

ಗೆಲುವಿನಿಂದ ಏನೂ ಬದಲಾಗಲಿಲ್ಲ. ಮರುವಾರ ವೀರೇಶ ಬರಿತಲೆಯಲ್ಲಿ ಬೈಕಿನಲ್ಲಿ ಬಂದ, ಅಪ್ಪ ಪೇಪರ್ ಮಡಿಚಿದರು, ಮೇಲಿಂದ ನಗು ಕೇಳಿಸಿತು. ನಾನೇ ಎಸ್.ಪಿ. ರೋಡಿಗೆ ಹೋಗಿ, ಅಂಗಡಿ ಅಂಗಡಿ ಅಲೆದು, ಕೇಳಿ ನೋಡಿ ಒಂದು ಜೊತೆ ತಂದುಕೊಟ್ಟೆ. ಅಮ್ಮ ಹಾಲಿನಲ್ಲಿದ್ದಳು, ಕುಕ್ಕರ್ ಅಡುಗೆಮನೆಯಲ್ಲಿತ್ತು. ಎಲ್ಲ ಅವನ ಅಳತೆಗೇ. ಅಪ್ಪ ಡಬ್ಬಿಯನ್ನು ತಿರುಗಿಸಿ ನೋಡಿ, “ಚೆನ್ನಾಗಿದೆ. ವೀರೇಶಂಗೂ ಒಂದ್ಸಲ ತೋರ್ಸೋಣ” ಎಂದರು. ವೀರೇಶ ಕಣ್ಣು ಮುಚ್ಚಿ ಕೇಳಿದ. “ಖರೇ ಹೇಳ್ತೈತ್ರಿ ಅಣ್ಣಾರ” ಎಂದ. ಬಲಗಡೆಯ ಮಾತೆತ್ತಲಿಲ್ಲ. ಅವನ ಹೊಗಳಿಕೆ ಅವನ ಟೀಕೆಗಿಂತ ಹೆಚ್ಚು ಚುಚ್ಚಿತು.

ಆಮೇಲೆ ಅವನ ಆಫೀಸು ಮುಚ್ಚಿತು, ಪುಣೆಯಲ್ಲಿ ಬೇರೆ ಕೆಲಸ ಸಿಕ್ಕಿತು. ಹೊರಡುವ ದಿನ ಅವನ ಸಾಮಾನು ಲಗೇಜ್ ಆಟೋಕ್ಕೆ ಏರಿಸಲು ನಾನೇ ಕೈ ಹಾಕಿದೆ. ಅಷ್ಟು ಉತ್ಸಾಹದಿಂದ ನಾನು ಯಾರ ಸಾಮಾನನ್ನೂ ಹೊತ್ತಿಲ್ಲ. ಹಾಸಿಗೆಯ ಸುರುಳಿಯನ್ನು ಒಳಗೆ ತಳ್ಳಿ, ಅವನು ನನ್ನನ್ನು ಗೇಟಿನಾಚೆ ಕರೆದ.

“ಅಣ್ಣಾರ, ಒಂದು ಮಾತು. ಊಟಕ್ಕ ಕುಂದ್ರುವಾಗ ಕಾಕಾರ ಎಡಕ್ಕ ಕುಂದರ್ರಿ.”

“ಯಾಕೆ?”

“ಅವರಿಗೆ ಬಲಗಿವಿ ಕೇಳಂಗಿಲ್ರಿ. ಭಾಳ ವರ್ಷ ಆಗೇತಂತ. ಮನ್ಯಾಗ ಹೇಳಬ್ಯಾಡ ಅಂದಿದ್ರು. ಟೆಲಿಫೋನಿನ್ಯಾಗ ಇದ್ದಾವ ಕಿವುಡ ಅಂದ್ರ ನಗ್ತಾರ ಅಂತ. ನಾ ಹೊಂಟೆ, ಇನ್ನ ಒಬ್ಬರಿಗರ ಗೊತ್ತಿರಬೇಕಲ್ರಿ.”

ಅವನೇ ಮುಂದುವರಿಸಿದ. ಮೊದಮೊದಲು ಅಪ್ಪ ಎರಡೂ ಕಿವಿಗೆ ಹಾಕಿಕೊಂಡು, ಪ್ರತಿಯೊಂದಕ್ಕೂ ‘ಬಲಗಡೆ ಡಲ್’ ಎನ್ನುತ್ತಿದ್ದರಂತೆ. ಇವನು ಎಡ ಬಲ ಬದಲಿಸಿ ಹಾಕಿಸಿದ. ಆಗಲೂ ಬಲಗಡೆಯೇ ಡಲ್. ಇಬ್ಬರೂ ಮುಖ ನೋಡಿಕೊಂಡರಂತೆ. ಅಂದಿನಿಂದ ಒಂದೊಂದು ಕಿವಿಗೆ ಹಂಚಿಕೊಂಡರು. ಅಪ್ಪ ಮರೆತು ಎರಡೂ ಕಿವಿಗೆ ಹಾಕಿಕೊಂಡು, ಬಾಯಿ ತಪ್ಪಿ ಆ ಮಾತು ಬಂದಾಗಲೆಲ್ಲ ಇವನು ತನ್ನದೆಂದು ಹೇಳಿಕೊಂಡ.

“ಆ ಪರೀಕ್ಷೆ ದಿವಸ...” ಎಂದೆ.

“ನೀವು ಕಾಕಾರ ಬಲಗಿವಿಗೆ ಹಾಕಾಕ ಹೊಂಟಿದ್ರಿ. ನಾ ಸೋಲಬೇಕಾತು.” ನಕ್ಕ. ಆಟೋ ಹೊರಟಿತು. ಅವನು ಬೈಕಿನಲ್ಲಿ ಹಿಂದೆ ಹೋದ, ತಲೆಯ ಮೇಲೆ ಹೆಲ್ಮೆಟ್ ಇತ್ತು. ಅವನನ್ನು ನಾನು ನೋಡಿದ್ದು ಅದೇ ಕೊನೆ.

ಗೇಟಿನಲ್ಲಿ ನಿಂತ ನನ್ನನ್ನು ಮೊದಲು ಮುಟ್ಟಿದ್ದು ಅಪ್ಪನ ಕಿವಿಯ ಸಂಕಟ ಎಂದು ಬರೆದರೆ ಚೆನ್ನಾಗಿರುತ್ತದೆ. ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಅಪ್ಪ ತಾವಾಗಿ ಬಾಯಿಬಿಟ್ಟಿದ್ದರೂ ಸಹಿಸಬಹುದಿತ್ತು. ಇವನು ಕಂಡುಹಿಡಿದಿದ್ದ. ನಾನು ಅಷ್ಟು ವರ್ಷ ಬಲಕ್ಕೇ ಕೂತಿದ್ದೆ, ಎಡಕ್ಕೆ ಗೋಡೆಯಿತ್ತು. ಫೋನನ್ನು ಅಪ್ಪ ಯಾವಾಗಲೂ ಎಡಗಿವಿಗೇ ಹಿಡಿಯುತ್ತಿದ್ದರು ಎಂದು ಆಗ ನೆನಪಾಯಿತು. ಅಥವಾ ಗೊತ್ತಾದ ಮೇಲೆ ನನ್ನ ಮನಸ್ಸು ಫೋನನ್ನು ಆ ಕಿವಿಗೆ ಇಟ್ಟುಕೊಂಡಿತೋ ಏನೋ.

ಆ ದಿನ ಊಟಕ್ಕೆ ಮೊದಲು ಟೇಬಲ್ಲನ್ನು ಗೋಡೆಯಿಂದ ಎಳೆದು, ಕುರ್ಚಿಯನ್ನು ಎಡಕ್ಕೆ ಹಾಕಿಕೊಂಡೆ.

“ಯಾಕೋ ಆ ಕಡೆ?” ಎಂದರು ಅಪ್ಪ.

“ಈ ಕಡೆ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ.”

ಅಪ್ಪ ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ಊಟವಾದ ಮೇಲೆ ಒಳಗಿನಿಂದ ವಾಕ್‌ಮನ್ ತಂದು, ನಾನು ಎಸ್.ಪಿ. ರೋಡಿನಿಂದ ತಂದಿದ್ದ ಇಯರ್‌ಫೋನನ್ನು ಬಿಚ್ಚಿ, ಒಂದನ್ನು ತಮ್ಮ ಎಡಗಿವಿಗೆ ಹಾಕಿಕೊಂಡರು. ಇನ್ನೊಂದು ಅವರ ಎದೆಯ ಮೇಲೆ ಜೋತಾಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅದನ್ನು ನನ್ನ ಕಡೆ ಚಾಚಿದರು.

ಹಾಕಿಕೊಂಡೆ. ಅಮ್ಮ ಹಾಡುತ್ತಿದ್ದಳು. ಕುಕ್ಕರ್ ಕೂಗಿತು.

“ಹೆಂಗೈತಿ?” ಎಂದರು ಅಪ್ಪ, ಅವನ ಮಾತಿನಲ್ಲಿ.

ಅಷ್ಟು ವರ್ಷ ಕಾದಿದ್ದ ಪ್ರಶ್ನೆ. ನನ್ನದೇ ಮಾತಿನಲ್ಲಿ ಏನಾದರೂ ಹೇಳಬೇಕೆಂದು ಹುಡುಕಿದೆ. ಒಂದೂ ಸಿಗಲಿಲ್ಲ.

“ಕಾಕೂನ್ನ ಕುಕ್ಕರ್‌ನ್ಯಾಗ ಕುಂದರಿಸೇತ್ರಿ” ಎಂದೆ.

ಅಪ್ಪ ಮೈಯೆಲ್ಲ ಕುಲುಕಿಸಿ ನಕ್ಕರು. ಮೆಟ್ಟಿಲ ಬುಡದಲ್ಲಿ ನಿಂತು ಕೇಳುತ್ತಿದ್ದ ಅದೇ ನಗು, ಈಗ ಇಷ್ಟು ಹತ್ತಿರದಲ್ಲಿ. ನಗು ನಿಂತ ಮೇಲೆ ಅವರು ಒಮ್ಮೆ ತಲೆಯೆತ್ತಿ ಮಹಡಿಯ ಮೆಟ್ಟಿಲ ಕಡೆ ನೋಡಿದರು.